ಓದುಗರ ಪ್ರಶ್ನೆ: ಸೆಲ್ ತೆಗೆಯುವ ಮೊದಲು ಕಡತ ತೆಗೆಯಿರಿ

ಪ್ರಶ್ನೆ: ನನ್ನ ಬಳಿ ಟ್ಯಾಂಡಿ ಕಂಪನಿಯ ಟಿಆರ್‌ಎಸ್-80 ಮಾಡೆಲ್ 100 ಎಂಬ ಹಳೆಯ ಪುಟ್ಟ ಕಂಪ್ಯೂಟರ್ ಇದೆ. ಅದರ ಕೀಲಿಮಣೆ ಕೈಗೆ ಒಗ್ಗಿಹೋಗಿರುವುದರಿಂದ ಲೇಖನಗಳ ಕರಡನ್ನು ಈಗಲೂ ಅದರಲ್ಲೇ ಬರೆಯುತ್ತೇನೆ. ಒಳಗೆ ಹನ್ನೆರಡು ಕಡತಗಳಿವೆ, ಬ್ಯಾಟರಿ ಮುಗಿಯುತ್ತಿರುವುದನ್ನು ಸೂಚಿಸುವ ಕೆಂಪು ದೀಪ ಹೊತ್ತಿಕೊಂಡಿದೆ. ಫ್ಲಾಪಿಯೂ ಇಲ್ಲ, ಯುಎಸ್‌ಬಿಯೂ ಇಲ್ಲ. ಹೊಸ ಸೆಲ್ ಹಾಕಿದ ಮೇಲೆ ಈ ಕಡತಗಳನ್ನು ಲ್ಯಾಪ್‌ಟಾಪಿಗೆ ಸಾಗಿಸುವುದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನಮಗೆ ಗಾಬರಿ ಹುಟ್ಟಿಸಿದ್ದು ‘ಹೊಸ ಸೆಲ್ ಹಾಕಿದ ಮೇಲೆ’ ಎಂಬ ಮಾತು. 1983ರಲ್ಲಿ ಬಂದ ಈ ಯಂತ್ರದಲ್ಲಿ ಡಿಸ್ಕ್ ಇಲ್ಲ. ನೀವು ಬರೆದದ್ದೆಲ್ಲ ಉಳಿದಿರುವುದು ವಿದ್ಯುತ್ ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುವ ರ‍್ಯಾಮ್‌ನಲ್ಲಿ. ನಾಲ್ಕು ಎಎ ಸೆಲ್‌ಗಳನ್ನು ಹೊರತೆಗೆದಾಗ ಆ ನೆನಪನ್ನು ಕಾಯಬೇಕಾದದ್ದು ಒಳಗಿನ ಬೋರ್ಡಿಗೆ ಬೆಸೆದಿರುವ ಪುಟ್ಟ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ನಲವತ್ತು ವರ್ಷ ದಾಟಿದ ಯಂತ್ರದಲ್ಲಿ ಅದು ಇನ್ನೂ ಜೀವಂತವಾಗಿದೆ ಎಂದು ನಂಬಿ ಕೂರುವಂತಿಲ್ಲ. ಅದು ಸತ್ತಿದ್ದರೆ ನೀವು ಕೊನೆಯ ಸೆಲ್ ತೆಗೆದ ಕ್ಷಣದಲ್ಲೇ ಹನ್ನೆರಡೂ ಕಡತಗಳು ಅಳಿಸಿಹೋಗುತ್ತವೆ. ಈ ಉತ್ತರ ಬರೆಯುತ್ತಿರುವವರು ಒಮ್ಮೆ ಹೀಗೆಯೇ ಒಂದು ದೀರ್ಘ ಬರಹವನ್ನು ಕಳೆದುಕೊಂಡಿದ್ದಾರೆ.

ಆದ್ದರಿಂದ ಮೊದಲು ಯಂತ್ರವನ್ನು ಆರಿಸಿ, ಸೆಲ್‌ಗಳನ್ನು ಇದ್ದಲ್ಲೇ ಬಿಟ್ಟು, ಹೊರಗಿನ ಅಡಾಪ್ಟರ್ ಜೋಡಿಸಿ. ಇದಕ್ಕೆ ಬೇಕಾದದ್ದು 6 ವೋಲ್ಟಿನ ನೇರ ವಿದ್ಯುತ್ತು. ಇಂದಿನ ಬಹುಪಾಲು ಅಡಾಪ್ಟರುಗಳ ಪಿನ್ನಿನ ನಡುಭಾಗ ಧನಾತ್ಮಕವಾಗಿರುತ್ತದೆ, ಆದರೆ ಮಾಡೆಲ್ 100ಕ್ಕೆ ನಡುಭಾಗ ಋಣಾತ್ಮಕವಾಗಿರಬೇಕು. ಆದಕಾರಣ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಚುಚ್ಚದೆ, ಅಡಾಪ್ಟರಿನ ಮೇಲಿನ ಚಿಹ್ನೆಯನ್ನು ನೋಡಿಕೊಂಡೇ ಜೋಡಿಸಿ.

ಇನ್ನು ತಂತಿಯ ವಿಷಯ. ಯಂತ್ರದ ಹಿಂಬದಿಯಲ್ಲಿ ಆರ್‌ಎಸ್-232 ಎಂಬ 25 ರಂಧ್ರಗಳ ಸೀರಿಯಲ್ ಪೋರ್ಟ್ ಇದೆ, ನಿಮ್ಮ ದಾರಿ ಅದೇ. ಲ್ಯಾಪ್‌ಟಾಪಿಗೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಪರಿವರ್ತಕ ಬೇಕು, ಇವೆರಡರ ನಡುವೆ ನಲ್ ಮೋಡೆಮ್ ಕೇಬಲ್ ಬೇಕು. ಎರಡೂ ಬದಿಯವರು ಮಾತನಾಡುವ ತಂತಿ ಒಂದೇ ಆದರೆ ಕೇಳುವವರು ಯಾರೂ ಇರುವುದಿಲ್ಲವಲ್ಲ. ಒಬ್ಬರ ಬಾಯನ್ನು ಇನ್ನೊಬ್ಬರ ಕಿವಿಗೆ ಜೋಡಿಸುವುದೇ ಈ ಕೇಬಲ್ಲಿನ ಕೆಲಸ. ಸ್ವತಃ ಬೆಸುಗೆ ಹಾಕುವವರಿಗೆ ಇಲ್ಲೊಂದು ತಮಾಷೆಯಿದೆ. 25 ಪಿನ್ನಿನ ಕನೆಕ್ಟರಿನಲ್ಲಿ 2ನೆಯ ಪಿನ್ ಕಳಿಸುವಂಥದ್ದು, 9 ಪಿನ್ನಿನದರಲ್ಲಿ ಅದೇ 2ನೆಯ ಪಿನ್ ಪಡೆಯುವಂಥದ್ದು. ಹಾಗಾಗಿ 2ನ್ನು 2ಕ್ಕೆ, 3ನ್ನು 3ಕ್ಕೆ ನೇರವಾಗಿ ಜೋಡಿಸಿದರೆ ಅದು ತಾನಾಗಿಯೇ ಅಡ್ಡಜೋಡಣೆ ಆಗುತ್ತದೆ, ನೆಲದ (ಗ್ರೌಂಡ್) ತಂತಿಯನ್ನು ಮಾತ್ರ 25ರ ಕಡೆಯ 7ರಿಂದ 9ರ ಕಡೆಯ 5ಕ್ಕೆ ಎಳೆಯಬೇಕು. ಎಲೆಕ್ಟ್ರಾನಿಕ್ ಹವ್ಯಾಸಿಗಳು ಬಳಸುವ 3.3 ಅಥವಾ 5 ವೋಲ್ಟಿನ ಬರಿಯ ಬೋರ್ಡುಗಳನ್ನು ಇಲ್ಲಿ ಬಳಸಬೇಡಿ. ಆರ್‌ಎಸ್-232 ಸಂಕೇತವು ಧನ ಮತ್ತು ಋಣ ವೋಲ್ಟೇಜುಗಳ ನಡುವೆ ಓಡಾಡುವುದರಿಂದ ಆ ಬೋರ್ಡು ಸುಟ್ಟುಹೋಗಬಹುದು.

ಲ್ಯಾಪ್‌ಟಾಪಿನಲ್ಲಿ ಪುಟ್ಟಿ, ಟೆರಾ ಟರ್ಮ್ ಅಥವಾ ಮಿನಿಕಾಮ್‌ನಂಥ ಟರ್ಮಿನಲ್ ತಂತ್ರಾಂಶವನ್ನು ತೆರೆದು, ವೇಗ ಸೆಕೆಂಡಿಗೆ 9600 ಬಿಟ್, ದತ್ತಾಂಶ 8 ಬಿಟ್, ಪ್ಯಾರಿಟಿ (ತಪ್ಪು ಪತ್ತೆಹಚ್ಚುವ ಹೆಚ್ಚುವರಿ ಬಿಟ್) ಇಲ್ಲ, ಸ್ಟಾಪ್ ಬಿಟ್ (ಅಕ್ಷರ ಮುಗಿದ ಗುರುತು) 1 ಎಂದು ಹೊಂದಿಸಿ, ಬಂದದ್ದನ್ನೆಲ್ಲ ಕಡತಕ್ಕೆ ಬರೆದುಕೊಳ್ಳುವ ‘ಲಾಗ್’ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿ. ಮಾಡೆಲ್ 100ರಲ್ಲಿ ಅದರೊಳಗೇ ಇರುವ ಸಂಪರ್ಕ ತಂತ್ರಾಂಶ ಟೆಲ್‌ಕಾಮ್ ತೆರೆದು ‘ಸ್ಟ್ಯಾಟ್ 88ಎನ್1ಇ’ ಎಂದು ಕೊಡಿ. ಮಂತ್ರದಂತೆ ಕಾಣುವ ಈ ಸಾಲು ಹೇಳುವುದೂ ಅದನ್ನೇ: ಮೊದಲ 8 ಎಂದರೆ 9600ರ ವೇಗ, ಎರಡನೆಯ 8 ಬಿಟ್‌ಗಳ ಸಂಖ್ಯೆ, ಎನ್ ಎಂದರೆ ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್, ಕೊನೆಯ ಇ ಎಂದರೆ ‘ತಾಳು, ಮುಂದುವರಿಸು’ ಎನ್ನುವ ಸಂಕೇತಗಳಿಗೆ ಒಪ್ಪಿಗೆ. ಬಳಿಕ ಟರ್ಮ್ ಸ್ಥಿತಿಗೆ ಹೋಗಿ ನಾಲ್ಕಾರು ಅಕ್ಷರ ಒತ್ತಿ ನೋಡಿ. ಅವು ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂಡಿದರೆ ಅರ್ಧ ಕೆಲಸ ಮುಗಿದಂತೆ. ಅಸಂಬದ್ಧ ಚಿಹ್ನೆಗಳು ಬಂದರೆ ಎರಡು ಬದಿಯ ವೇಗಗಳು ಹೊಂದಿಲ್ಲ, ಏನೂ ಬಾರದಿದ್ದರೆ ಕೇಬಲ್ಲಿನ ಮೇಲೆಯೇ ಮೊದಲ ಅನುಮಾನ. ಎಲ್ಲ ಸರಿಯಿದ್ದರೆ ‘ಅಪ್’ ಕೀಲಿ ಒತ್ತಿ ಕಡತದ ಹೆಸರು ಕೊಡಿ. ಸಾಲಿನ ಅಗಲ ಎಷ್ಟೆಂದು ಅದು ಕೇಳಿದಾಗ ಸಂಖ್ಯೆ ಕೊಡದೆ ಬರಿದೆ ಎಂಟರ್ ಒತ್ತಿದರೆ ಪ್ಯಾರಾಗಳು ನಡುವೆ ತುಂಡಾಗದೆ ಬರುತ್ತವೆ. ಪರದೆಯಲ್ಲಿ ಸಾಲಿನ ಮೇಲೆ ಸಾಲು ಬಿದ್ದಂತೆ ಕಂಡರೆ ಗಾಬರಿ ಬೇಡ; ಸಾಲಿನ ಕೊನೆಯ ಗುರುತು ಎರಡರ ಬದಲು ಒಂದೇ ಬರುತ್ತಿದೆ, ಅಷ್ಟೆ.

ಆರಂಭ ಮತ್ತು ಕೊನೆಯ ಗುರುತುಗಳೂ ಸೇರಿ ಒಂದು ಅಕ್ಷರಕ್ಕೆ ಒಟ್ಟು 10 ಬಿಟ್ ತಗಲುವುದರಿಂದ 9600ರ ವೇಗದಲ್ಲಿ ಸೆಕೆಂಡಿಗೆ 960 ಅಕ್ಷರ ಸಾಗುತ್ತದೆ, ಇಡೀ 32 ಕಿಲೋಬೈಟ್ ನೆನಪು ಖಾಲಿಯಾಗಲು ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಸಾಕು. ಮರಳಿ ಲ್ಯಾಪ್‌ಟಾಪಿನಿಂದ ಇದಕ್ಕೆ ಕಳಿಸುವಾಗ ಮಾತ್ರ ವೇಗ ತಗ್ಗಿಸಿ, ಏಕೆಂದರೆ ಎಂಟು ಸಾಲಿನ ಪರದೆಯನ್ನು ಸರಿಸುತ್ತ ಸರಿಸುತ್ತ ಬಡಪಾಯಿ ಯಂತ್ರ ಹಿಂದೆ ಬಿದ್ದು ಅಕ್ಷರಗಳನ್ನು ನುಂಗುತ್ತದೆ. ಹೆಸರಿನ ಕೊನೆಯಲ್ಲಿ ‘ಬಿಎ’ ಇರುವ ಬೇಸಿಕ್ ಪ್ರೋಗ್ರಾಮುಗಳಿದ್ದರೆ ಅವು ಪಠ್ಯವಲ್ಲವಾದ್ದರಿಂದ ಟೆಲ್‌ಕಾಮ್ ಮೂಲಕ ಹೋಗವು. ಬೇಸಿಕ್ ಒಳಗಿನಿಂದಲೇ ‘ಕಾಮ್’ ಸಾಧನಕ್ಕೆ ಸೇವ್ ಮಾಡಬೇಕು. ಹನ್ನೆರಡೂ ಕಡತಗಳನ್ನು ತೆರೆದು, ಮೊದಲ ಸಾಲು ಕೊನೆಯ ಸಾಲು ಎರಡೂ ಇವೆಯೆಂದು ಕಣ್ಣಾರೆ ಕಂಡ ಮೇಲೆ ಸೆಲ್ ಬದಲಿಸಿ. ಒಳಗಿನ ಬ್ಯಾಟರಿಯನ್ನೂ ಬಲ್ಲವರಿಂದ ಬದಲಾಯಿಸಿ. ಅದು ಸೋರಿದರೆ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ.

ಪ್ರಶ್ನೆ: ಡಾಸ್ ಕಾಲದ ಹಳೆಯ ಲ್ಯಾಪ್‌ಟಾಪಿನಿಂದ ವರ್ಡ್‌ಸ್ಟಾರ್ ಎಂಬ ಬರಹ ತಂತ್ರಾಂಶದ ಕಡತಗಳನ್ನು ಮೂರೂವರೆ ಅಂಗುಲದ ಫ್ಲಾಪಿಗೆ ತುಂಬಿದೆ. ಯುಎಸ್‌ಬಿ ಫ್ಲಾಪಿ ಡ್ರೈವ್ ಕೆಲವು ಫ್ಲಾಪಿಗಳನ್ನು ಓದುತ್ತಿಲ್ಲ. ಓದಿದವುಗಳಲ್ಲೂ ಇಂಗ್ಲಿಷ್ ಪದಗಳ ಕೊನೆಯ ಅಕ್ಷರ ಮಾತ್ರ ವಿಚಿತ್ರವಾಗಿ ಕಾಣುತ್ತದೆ. ಫ್ಲಾಪಿ ಹಾಳಾಗಿದೆಯೇ?

ಉತ್ತರ: ಎರಡನೆಯದು ಹಾಳಾದ ಲಕ್ಷಣವಲ್ಲ. ವರ್ಡ್‌ಸ್ಟಾರ್ ತನ್ನ ದಸ್ತಾವೇಜುಗಳಲ್ಲಿ ಪದದ ಕೊನೆಯ ಅಕ್ಷರಕ್ಕೆ ಎಂಟನೆಯ ಬಿಟ್ಟನ್ನು ಗುರುತಾಗಿ ಹಚ್ಚುತ್ತಿತ್ತು, ಅಂದರೆ ಅಕ್ಷರದ ಸಂಖ್ಯೆಗೆ 128 ಕೂಡುತ್ತಿತ್ತು. ಇಂಗ್ಲಿಷಿನ ಸಣ್ಣ ‘ಇ’ಯ ಸಂಖ್ಯೆ 101, ಪದದ ಕೊನೆಯಲ್ಲಿ ಅದು 229 ಆಗುತ್ತದೆ, ಇಂದಿನ ವಿಂಡೋಸ್ ಅದನ್ನು ತಲೆಯ ಮೇಲೆ ಸೊನ್ನೆ ಹೊತ್ತ ‘ಎ’ ಎಂದು ತೋರಿಸುತ್ತದೆ. 127ಕ್ಕಿಂತ ದೊಡ್ಡ ಪ್ರತಿ ಬೈಟಿನಿಂದ 128 ಕಳೆಯುವ ನಾಲ್ಕು ಸಾಲಿನ ಪ್ರೋಗ್ರಾಮ್ ಸಾಕು, ಪಠ್ಯ ತಿಳಿಯಾಗುತ್ತದೆ. ಈ ಕೆಲಸವನ್ನು ಪ್ರತಿಯ ಮೇಲೆ ಮಾಡಿ, ಮೂಲ ಕಡತ ಹಾಗೆಯೇ ಇರಲಿ.

ಓದದ ಫ್ಲಾಪಿಗಳ ಮೂಲೆಗಳನ್ನು ನೋಡಿ. ಎರಡೂ ಕಡೆ ಕಿಂಡಿಯಿರುವ 1.44 ಮೆಗಾಬೈಟಿನ ಫ್ಲಾಪಿಯನ್ನು ನಿಮ್ಮ ಹಳೆಯ ಲ್ಯಾಪ್‌ಟಾಪ್ 720 ಕಿಲೋಬೈಟಿಗೆ ಫಾರ್ಮ್ಯಾಟ್ ಮಾಡಿದ್ದರೆ, ಹೊಸ ಡ್ರೈವ್ ಕಿಂಡಿಯನ್ನು ಕಂಡು ಬೇರೆಯೇ ಸಾಂದ್ರತೆಯಲ್ಲಿ ಓದಲು ಹೊರಟು ಸೋಲುತ್ತದೆ. ಜಾರುವ ಗುಂಡಿ ಇಲ್ಲದ ಕಡೆಯ ಕಿಂಡಿಯನ್ನು ಅಪಾರದರ್ಶಕ ಅಂಟುಪಟ್ಟಿಯಿಂದ ಮುಚ್ಚಿ ಮತ್ತೆ ಪ್ರಯತ್ನಿಸಿ. ಗುಂಡಿಯಿರುವ ಕಿಂಡಿಯನ್ನು ಮಾತ್ರ ತೆರೆದಿಡಿ. ಅದು ತೆರೆದಿದ್ದರೆ ಫ್ಲಾಪಿಯ ಮೇಲೆ ಯಾರೂ ಬರೆಯಲಾಗದು. ಆದರೂ ಓದದಿದ್ದರೆ ಹಳೆಯ ಲ್ಯಾಪ್‌ಟಾಪಿನ ಸೀರಿಯಲ್ ಪೋರ್ಟಿನಿಂದ ಅದಕ್ಕೆ ಹೊಂದುವ ನಲ್ ಮೋಡೆಮ್ ಕೇಬಲ್ಲಿನಲ್ಲಿ ಕಳಿಸಿ. ಅಲ್ಲಿ ಕರ್ಮಿಟ್ ತಂತ್ರಾಂಶ ಬಳಸಿದರೆ ಅದು ಪ್ರತಿ ಕಂತನ್ನೂ ಪರೀಕ್ಷಿಸಿ, ತಪ್ಪಿದ್ದನ್ನು ಮರಳಿ ಕಳಿಸುತ್ತದೆ.

ಪ್ರಶ್ನೆ: ಮಾಡೆಲ್ 100ರ ಕೆಲವು ಕಡತಗಳು ಆಡಿಯೊ ಕ್ಯಾಸೆಟ್ಟಿನಲ್ಲಿವೆ. ದಾರಿಯುಂಟೇ?

ಉತ್ತರ: ಉಂಟು. ಕ್ಯಾಸೆಟ್ಟಿನ ಧ್ವನಿಯನ್ನು ಲ್ಯಾಪ್‌ಟಾಪಿನಲ್ಲಿ ವೇವ್ ರೂಪದಲ್ಲಿ ಮುದ್ರಿಸಿಕೊಳ್ಳಿ. ಎಂಪಿ3 ಬೇಡ, ಏಕೆಂದರೆ ಕಿವಿಗೆ ಬೇಡವೆಂದು ಅದು ಬಿಸಾಡುವುದರಲ್ಲಿ ನಿಮ್ಮ ಅಕ್ಷರಗಳೂ ಹೋಗಬಹುದು. ಆ ಮುದ್ರಿಕೆಯನ್ನೇ ಲ್ಯಾಪ್‌ಟಾಪಿನಿಂದ ಯಂತ್ರದ ಕ್ಯಾಸೆಟ್ ಪೋರ್ಟಿಗೆ ನುಡಿಸಿ, ಧ್ವನಿಮಟ್ಟವನ್ನು ಹೆಚ್ಚುಕಡಿಮೆ ಮಾಡುತ್ತ ಕಡತವನ್ನು ಒಳಗೆ ತುಂಬಿಸಿ, ಅಲ್ಲಿಂದ ಸೀರಿಯಲ್ ತಂತಿಯಲ್ಲಿ ಹೊರಗೆ ತನ್ನಿ. ಮೂಲ ಕ್ಯಾಸೆಟ್ಟು ಒಂದೇ ಬಾರಿ ತಿರುಗಿದರೆ ಸಾಕು.