ಅಡುಗೆಮನೆ ಅಂಚೆ: ಇಟಲಿಯ ಕೋಳಿ, ನಮ್ಮನೆ ಕುಕ್ಕರ್

ಹೋದ ಸಂಚಿಕೆಯಲ್ಲಿ ಒಬ್ಬರಿಗೆ ಉತ್ತರ ಬರೆಯುವಾಗ ಮಾತಿನ ಮಧ್ಯೆ ‘ಪೊಲ್ಲೊ ಅಲ್ಲ ಕಚ್ಚಾತೋರ’ ಅಂತ ಒಂದು ಹೆಸರು ಹೇಳಿದ್ದೆ. ಇಟಲಿಯ ಮನೆಗಳಲ್ಲಿ ಮಾಡುವ ಕೋಳಿ ಮತ್ತು ಟೊಮೆಟೊ ಅಡುಗೆ ಅದು. ಕುಕ್ಕರಿನಲ್ಲೂ ಚೆನ್ನಾಗಿ ಆಗುತ್ತದೆ ಎಂದು ಒಂದೇ ಸಾಲು ಸೇರಿಸಿದ್ದೆ, ಅಷ್ಟೆ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಹಪ್ಪಳ, ಉಪ್ಪಿನಕಾಯಿ ಕೇಳಿದವರು ಒಂದು ತಿಂಗಳು ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನೀವು ಹೇಳಿದ್ದನ್ನು ನಂಬಿ ಮಾಡಿದೆ. ಟೊಮೆಟೊ ರುಬ್ಬಿ, ಕೋಳಿ ಜೊತೆ ಕಲಸಿ, ಕುಕ್ಕರ್ ಮುಚ್ಚಿಟ್ಟೆ. ವಿಷಲ್ ಬರಲೇ ಇಲ್ಲ. ಸುಟ್ಟ ವಾಸನೆ ಬಂತು. ತೆಗೆದು ನೋಡಿದರೆ ತಳ ಕರಕಲು, ಮೇಲೆ ನೀರು ನೀರು. ಯಾಕೆ ಹೀಗೆ?
— ಗೃಹಿಣಿ, ಗೋಪಾಳ, ಶಿವಮೊಗ್ಗ

ಉತ್ತರ: ಕುಕ್ಕರ್ ಕೆಲಸ ಮಾಡುವುದು ಹಬೆಯಿಂದ. ಹಬೆ ಏಳಬೇಕಾದರೆ ತಳದಲ್ಲಿ ತೆಳ್ಳಗಿನ ನೀರು ಓಡಾಡುತ್ತಿರಬೇಕು. ರುಬ್ಬಿದ ಟೊಮೆಟೊ ಮಂದ. ಅದು ಕೆಳಗಿಂದ ಮೇಲಕ್ಕೆ ತಿರುಗುವುದಿಲ್ಲ, ಕೂತಲ್ಲೇ ಕೂರುತ್ತದೆ. ಕೆಳಗಿನ ಪದರ ಬಿಸಿಯಾಗಿ, ಒಣಗಿ, ಅದರಲ್ಲಿರುವ ಸಕ್ಕರೆ ಅಂಶ ಕರಗಿ ಹತ್ತಿಕೊಳ್ಳುತ್ತದೆ. ಮೇಲಿನ ನೀರು ಕೋಳಿ ಬಿಟ್ಟಿದ್ದು. ಅದಕ್ಕೆ ತಳದ ಬಿಸಿ ತಲುಪಲೇ ಇಲ್ಲ.

ಎರಡು ಬದಲಾವಣೆ ಸಾಕು. ಟೊಮೆಟೊ ರುಬ್ಬಬೇಡಿ, ಹೆಚ್ಚಿ ಹಾಕಿ. ಮತ್ತೆ ಅದನ್ನು ಎಲ್ಲಕ್ಕಿಂತ ಮೇಲೆ ಸುರಿದು, ಕಲಸದೆ ಹಾಗೇ ಮುಚ್ಚಳ ಹಾಕಿ. ತಳದಲ್ಲಿ ಅರ್ಧ ಲೋಟ ನೀರು, ಅದರ ಮೇಲೆ ಈರುಳ್ಳಿ, ಅದರ ಮೇಲೆ ಕೋಳಿ, ಕೊನೆಗೆ ಟೊಮೆಟೊ. ಕೈ ತುರಿಸುತ್ತದೆ, ಗೊತ್ತು. ಸೌಟು ಆಡಿಸಬೇಡಿ.

ಪ್ರಶ್ನೆ: ಪೂರ್ತಿ ವಿಧಾನ ಅಳತೆ ಸಮೇತ ಕೊಡಿ. ‘ರುಚಿಗೆ ತಕ್ಕಷ್ಟು’ ಅಂತ ಬರೆದು ತಪ್ಪಿಸಿಕೊಳ್ಳಬೇಡಿ.
— ಕಾಲೇಜು ವಿದ್ಯಾರ್ಥಿ, ಭದ್ರಾವತಿ

ಉತ್ತರ: ಸರಿ ಮಾರಾಯ, ಅಳತೆ ಸಮೇತವೇ ಕೊಡುತ್ತೇನೆ. ಇದು 5 ಲೀಟರ್ ಕುಕ್ಕರಿಗೆ, ನಾಲ್ಕು ಜನಕ್ಕೆ.

ಮೂಳೆ ಸಹಿತ ಕೋಳಿ 1 ಕಿಲೋ. ಅಂಗಡಿಯವರಿಗೆ ಮೊದಲೇ ಹೇಳಿ. ಸುಮ್ಮನಿದ್ದರೆ ಅವರು ಅಭ್ಯಾಸಬಲದಿಂದ ಸಾರಿನ ತುಂಡು ಮಾಡಿಬಿಡುತ್ತಾರೆ. ಸಣ್ಣ ತುಂಡು ಕುಕ್ಕರಿನಲ್ಲಿ ಚೂರಾಗಿ, ಮೂಳೆಚಕ್ಕೆ ಬಾಯಿಗೆ ಸಿಗುತ್ತದೆ. ಕಾಲು, ತೊಡೆ ಇಡಿಯಾಗಿ ಬಿಡಿ ಅನ್ನಿ. ಎದೆಭಾಗ ಕಡಿಮೆ ಇದ್ದಷ್ಟೂ ಒಳ್ಳೆಯದು, ಅದು ಬೇಗ ನಾರಾಗುತ್ತದೆ. ಉಳಿದಂತೆ ದೊಡ್ಡ ಈರುಳ್ಳಿ 2, ಬೆಳ್ಳುಳ್ಳಿ 8 ಎಸಳು, ಟೊಮೆಟೊ 600 ಗ್ರಾಂ, ಎಣ್ಣೆ 3 ಚಮಚ, ಉಪ್ಪು ಒಂದೂವರೆ ಟೀ ಚಮಚ, ಕುಟ್ಟಿದ ಕಾಳುಮೆಣಸು ಒಂದು ಟೀ ಚಮಚ. ದೊಣ್ಣೆಮೆಣಸು ಇಷ್ಟವಿದ್ದರೆ ಒಂದು. ಅರಿಶಿನ ಬೇಡ, ಕೊತ್ತಂಬರಿ ಪುಡಿ ಬೇಡ. ಗರಂ ಮಸಾಲೆ ಡಬ್ಬವನ್ನು ಕಪಾಟಿನ ಮೇಲಿನ ಹಲಗೆಯಲ್ಲಿಡಿ.

ತೊಳೆದ ಕೋಳಿಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಉಪ್ಪು ಸವರಿ. ಮುಖ್ಯವಾದ ಹಂತ ಇಲ್ಲಿಂದ ಶುರು. ಕುಕ್ಕರ್ ಒಳಗೆ ಎಷ್ಟೇ ಒತ್ತಡವಿದ್ದರೂ ಬಿಸಿ 120 ಡಿಗ್ರಿ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೇಲಾಗಿ ಪೂರ್ತಿ ಒದ್ದೆ. ಮಾಂಸಕ್ಕೆ ಹುರಿದ ಬಣ್ಣ, ಹುರಿದ ವಾಸನೆ ಅಲ್ಲಿ ಬರುವುದಿಲ್ಲ. ಅದನ್ನು ಮುಚ್ಚಳ ಹಾಕುವ ಮೊದಲೇ ಮಾಡಿಕೊಳ್ಳಬೇಕು. ಎಣ್ಣೆ ಚೆನ್ನಾಗಿ ಕಾದ ಮೇಲೆ ನಾಲ್ಕು ನಾಲ್ಕೇ ತುಂಡು ಹಾಕಿ. ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಮೊದಲು ತುಂಡು ತಳಕ್ಕೆ ಅಂಟಿಕೊಳ್ಳುತ್ತದೆ. ಎಳೆಯಬೇಡಿ. ಮೂರ್ನಾಲ್ಕು ನಿಮಿಷ ಬಿಟ್ಟರೆ ತಾನೇ ಬಿಡುತ್ತದೆ, ಅಡಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮಗುಚಿ, ಇನ್ನೊಂದು ಕಡೆಯನ್ನೂ ಹಾಗೇ ಮಾಡಿ ತಟ್ಟೆಗೆ ತೆಗೆಯಿರಿ.

ಅದೇ ಎಣ್ಣೆಗೆ ಉದ್ದುದ್ದ ಹೆಚ್ಚಿದ ಈರುಳ್ಳಿ. ಮೆತ್ತಗಾದ ಮೇಲೆ ಜಜ್ಜಿದ ಬೆಳ್ಳುಳ್ಳಿ, ಅರ್ಧ ನಿಮಿಷ. ಬೆಳ್ಳುಳ್ಳಿ ಕಪ್ಪಾದರೆ ಇಡೀ ಅಡುಗೆ ಕಹಿ. ಈಗ ಅರ್ಧ ಲೋಟ ನೀರು ಸುರಿದು, ಮರದ ಸೌಟಿನಿಂದ ತಳಕ್ಕೆ ಹತ್ತಿದ ಕಂದು ಅಂಟನ್ನೆಲ್ಲ ಕೆರೆದು ಬಿಡಿಸಿ. ಒಂದು ಚೂರೂ ಉಳಿಯಬಾರದು. ರುಚಿ ಇರುವುದೂ ಅದರಲ್ಲೇ, ಉಳಿದರೆ ಸೀದು ಹೋಗುವುದೂ ಅದೇ. ಕೋಳಿ ಜೋಡಿಸಿ, ತಟ್ಟೆಯಲ್ಲಿ ಇಳಿದ ರಸವನ್ನೂ ಹಾಕಿ, ಮೇಲೆ ಟೊಮೆಟೊ, ಮೆಣಸು.

ಮುಚ್ಚಳ ಹಾಕಿ, ಮೊದಲ ವಿಷಲ್ ಬರುವವರೆಗೆ ಮಧ್ಯಮ ಉರಿ. ಆಮೇಲೆ ಸಣ್ಣ ಉರಿಯಲ್ಲಿ 8 ನಿಮಿಷ. ಒಲೆ ಆರಿಸಿ, ಹತ್ತು ನಿಮಿಷ ಮುಟ್ಟಬೇಡಿ. ವೆಯ್ಟ್ ಎತ್ತಿ ಹಬೆ ಬಿಡುವ ಆತುರ ಬೇಡ. ಒತ್ತಡ ಫಕ್ಕನೆ ಇಳಿದರೆ ಒಳಗಿನದು ಕೊತಕೊತ ಉಕ್ಕಿ ಟೊಮೆಟೊ ರಸ ಗೋಡೆಗೆ ಹಾರುತ್ತದೆ. ಮಾಂಸವೂ ಒಣಗುತ್ತದೆ.

ತೆಗೆದಾಗ ಸಾರಿನ ಹಾಗೆ ತೆಳ್ಳಗಿರುತ್ತದೆ. ಇಷ್ಟೇನಾ ಅನ್ನಿಸುತ್ತದೆ. ಅಡುಗೆ ಇನ್ನೂ ಮುಗಿದಿಲ್ಲ. ಕುಕ್ಕರ್ ನೀರನ್ನು ಹೊರಗೆ ಬಿಡುವುದಿಲ್ಲ, ಆದ್ದರಿಂದ ರಸ ಗಟ್ಟಿಯಾಗುವುದು ಮುಚ್ಚಳ ತೆಗೆದ ಮೇಲೆಯೇ. ಕೋಳಿ ತುಂಡು ಹೊರಗಿಟ್ಟು, ಹೆಚ್ಚಿದ ದೊಣ್ಣೆಮೆಣಸು ಹಾಕಿ, ಜೋರು ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಕುದಿಸಿ. ಸೌಟು ಎಳೆದರೆ ತಳ ಒಂದು ಕ್ಷಣ ಕಾಣಬೇಕು. ಆಗ ಕೋಳಿ ವಾಪಸ್ ಹಾಕಿ, ಎರಡು ಕುದಿ ಬಂದರೆ ಆಯಿತು. ನನ್ನನ್ನು ಕೇಳಿದರೆ ಈ ಅಡುಗೆಯಲ್ಲಿ ಕುಕ್ಕರಿನ ಪಾಲು ಕಡಿಮೆ. ಮುಚ್ಚಳ ಹಾಕುವ ಮೊದಲಿನ ಹುರಿಯುವಿಕೆ, ತೆಗೆದ ಮೇಲಿನ ಕುದಿ, ಇವೆರಡನ್ನು ಬಿಟ್ಟವರ ಮನೆಯಲ್ಲಿ ಬರೀ ಬೇಯಿಸಿದ ಕೋಳಿ ಸಿಗುತ್ತದೆ.

ಪ್ರಶ್ನೆ: ನಾಟಿ ಕೋಳಿಗೆ ಎಷ್ಟು ವಿಷಲ್? ಟೊಮೆಟೊ ನಾಟಿಯೋ, ಹೈಬ್ರಿಡ್ಡೋ?
— ಕೃಷಿಕ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ವಿಷಲ್ ಲೆಕ್ಕ ಬಿಡಿ. ಉರಿ ಜೋರಾದರೆ ಐದು ನಿಮಿಷಕ್ಕೆ ನಾಲ್ಕು ವಿಷಲ್ ಬರುತ್ತದೆ, ಸಣ್ಣದಾದರೆ ಒಂದು. ಗಡಿಯಾರ ನೋಡಿ. ಫಾರಂ ಕೋಳಿ ಆರು ವಾರದೊಳಗೆ ಅಂಗಡಿಗೆ ಬಂದಿರುತ್ತದೆ, ಎಂಟು ನಿಮಿಷ ಸಾಕು. ನಿಮ್ಮ ಅಂಗಳದಲ್ಲಿ ಓಡಾಡಿಕೊಂಡಿದ್ದ ಹೇಂಟೆಗೆ 20 ನಿಮಿಷ, ವಯಸ್ಸಾದ ಹುಂಜಕ್ಕೆ 30 ಇಟ್ಟುಕೊಳ್ಳಿ. ಓಡಾಡಿದ ಕಾಲಿನಲ್ಲಿ ನಾರು ಜಾಸ್ತಿ. ಆ ನಾರು ನಿಧಾನಕ್ಕೆ ಕರಗಿ ಅಂಟಾಗಿ ರಸಕ್ಕೆ ಸೇರಿದಾಗ ತುಟಿಗೆ ಅಂಟುವಂಥ ಮಂದ ಬರುತ್ತದೆ. ಫಾರಂ ಕೋಳಿಯಿಂದ ಅದು ಎಂದೂ ಬರದು. ಇಷ್ಟು ಹೊತ್ತು ಇಡುವಾಗ ತಳದ ನೀರು ಒಂದು ಲೋಟ ಮಾಡಿ.

ಟೊಮೆಟೊ ವಿಷಯದಲ್ಲಿ ಮಾತ್ರ ನಾನು ಹೈಬ್ರಿಡ್ ಪಕ್ಷ. ಇಟಲಿಯವರು ಮೆಚ್ಚುವ ಸಾನ್ ಮರ್ಜಾನೊ ಟೊಮೆಟೊ, ವೆಸೂವಿಯಸ್ ಬೆಟ್ಟದ ಸುತ್ತ ಬೆಳೆಯುವುದು, ಉದ್ದಕ್ಕೆ ಇರುತ್ತದೆ. ತಿರುಳು ಹೆಚ್ಚು, ಬೀಜ ಕಡಿಮೆ. ನಮ್ಮ ಗುಂಡನೆಯ ನಾಟಿ ಟೊಮೆಟೊದಲ್ಲಿ ರಸ, ಬೀಜ, ಹುಳಿ ಜಾಸ್ತಿ. ತಿಳಿಸಾರಿಗೆ ಅದನ್ನು ಬಿಟ್ಟರೆ ಬೇರೆ ಇಲ್ಲ, ಆದರೆ ಇಲ್ಲಿ ಬೇಡ. ಸಂತೆಯಲ್ಲಿ ಮೊಟ್ಟೆಯಾಕಾರದ, ಗಟ್ಟಿ ಸಿಪ್ಪೆಯ ಹೈಬ್ರಿಡ್ ಹಣ್ಣು ಆರಿಸಿ, ಎರಡು ದಿನ ಹೊರಗಿಟ್ಟು ಚೆನ್ನಾಗಿ ಕೆಂಪಾಗಲು ಬಿಡಿ. ಬುಡಕ್ಕೆ ಅಡ್ಡಡ್ಡ ಗೀರಿ, ಕುದಿನೀರಲ್ಲಿ ಅರ್ಧ ನಿಮಿಷ ಬಿಟ್ಟರೆ ಸಿಪ್ಪೆ ಸುಲಿಯುತ್ತದೆ. ಸಿಪ್ಪೆ ಬಿಟ್ಟರೆ ಅದು ಸುರುಳಿ ಸುತ್ತಿ ಹಲ್ಲಿಗೆ ಸಿಗುತ್ತದೆ. ಕೊನೆಯಲ್ಲಿ ಹುಳಿ ಮುಂದಾದರೆ ಕಾಲು ಚಮಚ ಜೋನಿ ಬೆಲ್ಲ. ಅದಕ್ಕಿಂತ ಹೆಚ್ಚು ಹಾಕಿದರೆ ಗೊಜ್ಜಾಗುತ್ತದೆ.

ಪ್ರಶ್ನೆ: ಇಟಲಿಯವರು ಇದಕ್ಕೆ ಹಾಕುವ ರೋಸ್‌ಮೆರಿ, ಒರೆಗಾನೊ ಅನ್ನುವ ಘಮದ ಎಲೆಗಳೆಲ್ಲ ಹೊಸನಗರದಲ್ಲಿ ಎಲ್ಲಿ ಸಿಗಬೇಕು?
— ಶಿಕ್ಷಕಿ, ಹೊಸನಗರ

ಉತ್ತರ: ಒರೆಗಾನೊಗೆ ಹಿತ್ತಿಲಿಗೆ ಹೋಗಿ. ಕೆಮ್ಮು ಬಂದಾಗ ಮಕ್ಕಳಿಗೆ ಬಾಡಿಸಿ ರಸ ಕುಡಿಸುವ ದೊಡ್ಡಪತ್ರೆ ಇದೆಯಲ್ಲ, ಅದರ ವಾಸನೆಗೆ ಕಾರಣವಾದ ಕಾರ್ವಕ್ರಾಲ್ ಎಂಬ ಎಣ್ಣೆಯ ಅಂಶ ಒರೆಗಾನೊದಲ್ಲೂ ಇದೆ. ಗಿಡಗಳು ಬೇರೆ, ಪರಿಮಳದಲ್ಲಿ ನೆಂಟರು. 1 ಕಿಲೋ ಕೋಳಿಗೆ ಎಳೆಯ ಎಲೆ ಮೂರು, ಸಣ್ಣಗೆ ಹೆಚ್ಚಿ, ಮುಚ್ಚಳ ತೆಗೆದ ಮೇಲೆ ಕುದಿಯುವಾಗ ಹಾಕಿ. ಐದಾರು ಹಾಕಿದರೆ ಕಷಾಯದ ನೆನಪಾಗುತ್ತದೆ.

ರೋಸ್‌ಮೆರಿಗೆ ನಮ್ಮಲ್ಲಿ ಬದಲಿ ಇಲ್ಲ. ಶಿವಮೊಗ್ಗಕ್ಕೆ ಬಂದಾಗ ದೊಡ್ಡ ಅಂಗಡಿಯಲ್ಲಿ ಒಣಗಿದ್ದು ಕೇಳಿ. ಸಿಗದಿದ್ದರೆ ಬಿಡಿ. ಒಂದು ಎಚ್ಚರಿಕೆ: ಇಟಲಿಯ ಪಾಕವಿಧಾನದಲ್ಲಿ ಬರುವ ಬೇ ಎಲೆ ನಮ್ಮ ಪಲಾವ್ ಎಲೆ ಅಲ್ಲ. ನಮ್ಮದು ದಾಲ್ಚಿನ್ನಿ ಜಾತಿಯ ಮರದ್ದು. ಅದನ್ನು ಹಾಕಿದರೆ ಟೊಮೆಟೊ ರಸ ಬಿರಿಯಾನಿ ಕಡೆ ಹೊರಳುತ್ತದೆ.

ಪ್ರಶ್ನೆ: ವೈನ್ ಹಾಕಲೇಬೇಕಾ? ಮನೆಯಲ್ಲಿ ಅತ್ತೆ ಇದ್ದಾರೆ.
— ಹೆಸರು ಬೇಡ, ಸಾಗರ

ಉತ್ತರ: ಬೇಡ. ವೈನ್ ಕೊಡುವುದು ಸ್ವಲ್ಪ ಹುಳಿ, ಸ್ವಲ್ಪ ಘಮ. ತಳ ಕೆರೆಯುವ ನೀರಿಗೆ ಎರಡು ಚಮಚ ವಿನೆಗರ್ ಬೆರೆಸಿದರೆ ಕೆಲಸ ನಡೆಯುತ್ತದೆ. ರೋಮ್ ಕಡೆ ಟೊಮೆಟೊವನ್ನೇ ಹಾಕದೆ ವಿನೆಗರ್, ಬೆಳ್ಳುಳ್ಳಿ, ರೋಸ್‌ಮೆರಿಯಲ್ಲಿ ಇದೇ ಕೋಳಿ ಮಾಡುವವರಿದ್ದಾರೆ. ಹಾಗಾಗಿ ಇದೇನೂ ಕಲಬೆರಕೆ ಅಲ್ಲ. ಹಾಕುವ ಮನೆಯವರು ಗಮನಿಸಿ: ವೈನ್ ಸುರಿದ ಕೂಡಲೇ ಮುಚ್ಚಳ ಹಾಕಬೇಡಿ. ಎರಡು ಮೂರು ನಿಮಿಷ ತೆರೆದು ಕುದಿಸಿ, ಇಲ್ಲದಿದ್ದರೆ ಘಾಟು ಒಳಗೇ ಉಳಿಯುತ್ತದೆ. ಅತ್ತೆಗೆ ಆಗ ಹೇಳದೆಯೇ ಗೊತ್ತಾಗುತ್ತದೆ.

ಪ್ರಶ್ನೆ: ಇಟಲಿಯವರು ಹಾಕುವ ಆಲಿವ್ ಬದಲು ಅಪ್ಪೆಮಿಡಿ ಹಾಕಬಹುದೇ? ತಮಾಷೆಗೆ ಕೇಳುತ್ತಿಲ್ಲ.
— ನಿವೃತ್ತ ನೌಕರ, ರಿಪ್ಪನ್‌ಪೇಟೆ

ಉತ್ತರ: ನಾನೂ ತಮಾಷೆಗೆ ಹೇಳುತ್ತಿಲ್ಲ, ಹಾಕಬಹುದು. ಆದರೆ ಖಾರ ಕಲಸಿದ ಉಪ್ಪಿನಕಾಯಿ ಅಲ್ಲ, ಬರೀ ಉಪ್ಪುನೀರಿನಲ್ಲಿ ಹಾಕಿಟ್ಟ ಮಿಡಿ. ಆಲಿವ್ ಕೂಡ ಉಪ್ಪುನೀರಿನಲ್ಲಿ ಊರಿದ ಕಾಯಿಯೇ. ಎರಡು ಮಿಡಿ ತೊಳೆದು, ತೆಳ್ಳಗೆ ಸೀಳಿ, ಒಲೆ ಆರಿಸುವ ಮುಂಚೆ ಸೇರಿಸಿ. ಮೊದಲೇ ಹಾಕಿದರೆ ಉಪ್ಪೂ ಹುಳಿಯೂ ರಸಕ್ಕೆ ಇಳಿದು ಯಾವುದೂ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಅಪ್ಪೆಯ ಸೊನೆ ವಾಸನೆ ಟೊಮೆಟೊ ಜೊತೆ ಬಹಳ ಚೆನ್ನಾಗಿ ಕೂರುತ್ತದೆ. ಇಟಲಿಯಲ್ಲಿರುವ ನನ್ನ ಅಕ್ಕನ ಮಗಳು ಫೋನಿನಲ್ಲಿ ಇದನ್ನು ಕೇಳಿ ನಕ್ಕಳು. ರಜೆಗೆ ಬಂದಾಗ ಮೂರು ಸಲ ಬಡಿಸಿಕೊಂಡಳು.

ಪ್ರಶ್ನೆ: ನಮ್ಮದು ಹಳೇ ಅಲ್ಯೂಮಿನಿಯಂ ಕುಕ್ಕರ್. ಟೊಮೆಟೊ ಬೇಯಿಸಿದರೆ ಅಪಾಯವೇ?
— ಓದುಗಿ, ಶಿಕಾರಿಪುರ

ಉತ್ತರ: ಒಂದು ಸಲ ತಿಂದರೆ ಹೆದರುವಂಥದ್ದೇನಿಲ್ಲ. ಆದರೆ ಗಮನಿಸಿದ್ದೀರಾ, ಒಳಗೆ ಕಪ್ಪಾಗಿದ್ದ ಕುಕ್ಕರ್ ಟೊಮೆಟೊ ಬೇಯಿಸಿದ ಮೇಲೆ ಬೆಳ್ಳಗೆ ಹೊಳೆಯುತ್ತದೆ. ಆ ಕಪ್ಪು ಎಲ್ಲಿಗೆ ಹೋಯಿತು? ರಸಕ್ಕೆ. ಹುಳಿ ಲೋಹವನ್ನು ಸ್ವಲ್ಪ ಸ್ವಲ್ಪ ಕರಗಿಸುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ. ಸ್ಟೀಲ್ ಕುಕ್ಕರ್ ಇದ್ದರೆ ಅದರಲ್ಲೇ ಮಾಡಿ. ಇಲ್ಲದಿದ್ದರೆ ಬೆಂದ ಕೂಡಲೇ ಬೇರೆ ಪಾತ್ರೆಗೆ ಸುರಿದು, ಕುದಿಸುವ ಕೆಲಸ ಅಲ್ಲಿ ಮಾಡಿ. ರಾತ್ರಿಯಿಡೀ ಅದರಲ್ಲೇ ಬಿಡಬೇಡಿ. ಮುಚ್ಚಳ ತೊಳೆಯುವಾಗ ಹಬೆ ಹೋಗುವ ತೂತನ್ನು ಬೆಳಕಿಗೆ ಹಿಡಿದು ನೋಡಿ. ಟೊಮೆಟೊ ಬೀಜ ಸಿಕ್ಕಿಕೊಳ್ಳುವ ಜಾಗ ಅದೇ.

ಪ್ರಶ್ನೆ: ನಮ್ಮ ಕೋಳಿ ಸಾರು ಇರುವಾಗ ಇಟಲಿಯದ್ದು ಯಾಕೆ?
— ಓದುಗ, ಸೊರಬ

ಉತ್ತರ: ಕೋಳಿ ಸಾರು ಎಲ್ಲಿಗೂ ಹೋಗಿಲ್ಲ, ನಾಳೆ ಮಾಡಿ. ಇಟಲಿಯವರಿಗೂ 16ನೇ ಶತಮಾನದವರೆಗೆ ಟೊಮೆಟೊ ಗೊತ್ತಿರಲಿಲ್ಲ. ನಮಗೂ ಮೆಣಸಿನಕಾಯಿ ಗೊತ್ತಿರಲಿಲ್ಲ. ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು.

ಪ್ರಶ್ನೆ: ಕೆಮ್ಮಣ್ಣುಗುಂಡಿ ದಾರಿಯಲ್ಲಿ ಹೋಂಸ್ಟೇ ಇದೆ. ಹನ್ನೆರಡು ಜನಕ್ಕೆ ಮಾಡಬೇಕು. ಎತ್ತರದ ಜಾಗ, ಸಮಯ ಹೆಚ್ಚು ಬೇಕೇ? ಜೊತೆಗೆ ಏನು ಬಡಿಸಲಿ?
— ಓದುಗಿ, ತರೀಕೆರೆ ತಾಲ್ಲೂಕು

ಉತ್ತರ: ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರ. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಬೇಯುವುದು ನಿಧಾನ. ಕುಕ್ಕರಿನಲ್ಲಿ ವ್ಯತ್ಯಾಸ ಕಡಿಮೆ. ಒಂದೆರಡು ನಿಮಿಷ ಸೇರಿಸಿ ಸಾಕು. ಮೂರು ಕಿಲೋ ಹಾಕಿದರೂ ಬೇಯುವ ಸಮಯ ಮೂರು ಪಟ್ಟು ಆಗುವುದಿಲ್ಲ. ಮೊದಲ ವಿಷಲ್ ತಡವಾಗಿ ಬರುತ್ತದೆ, ಅಷ್ಟೆ. ಆದರೆ ಕುಕ್ಕರನ್ನು ಮೂರನೇ ಎರಡು ಭಾಗಕ್ಕಿಂತ ಮೇಲೆ ತುಂಬಬೇಡಿ. ಹುರಿಯುವುದನ್ನು ಅಗಲದ ಬಾಣಲೆಯಲ್ಲಿ ಮಾಡಿಕೊಳ್ಳಿ, ಬೇಗ ಮುಗಿಯುತ್ತದೆ.

ಉತ್ತರ ಇಟಲಿಯಲ್ಲಿ ಇದರ ಜೊತೆ ಪೊಲೆಂತ ಬಡಿಸುತ್ತಾರೆ, ಜೋಳದ ಹಿಟ್ಟು ಕುದಿಸಿ ಮಾಡುವ ಮುದ್ದೆ. ಮೆಕ್ಕೆಜೋಳದ್ದು, ಬಿಳಿಜೋಳದ್ದಲ್ಲ. ನಿಮ್ಮಲ್ಲಿ ಕಡುಬು ಇರುವಾಗ ಅದರ ಗೊಡವೆ ಯಾಕೆ? ಬಿಸಿ ಕಡುಬು ಮುರಿದು ರಸಕ್ಕೆ ಅದ್ದಿದರೆ ಸರಿಯಾಗಿ ಹೀರುತ್ತದೆ. ಅಕ್ಕಿ ರೊಟ್ಟಿಯೂ ಆಗುತ್ತದೆ, ಆದರೆ ತೆಳ್ಳಗೆ ತಟ್ಟಿ. ಅತಿಥಿಗಳು ಮಧ್ಯಾಹ್ನದ ಊಟಕ್ಕೆ ಬರುವವರಾದರೆ ಹಿಂದಿನ ರಾತ್ರಿಯೇ ಮಾಡಿ, ಬಿಸಿ ಇಳಿಸಿ, ಒಲೆ ಆರಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನ ರುಚಿ ಇನ್ನೂ ಕೂಡಿಕೊಂಡಿರುತ್ತದೆ. ಬಿಸಿ ಮಾಡುವಾಗ ಮತ್ತೆ ಕುಕ್ಕರ್ ಮುಚ್ಚಬೇಡಿ. ಅರ್ಧ ಲೋಟ ಬಿಸಿನೀರು ಚಿಮುಕಿಸಿ, ತಟ್ಟೆ ಮುಚ್ಚಿ, ಸಣ್ಣ ಉರಿಯಲ್ಲಿ ಚೆನ್ನಾಗಿ ಕುದಿ ಬರುವವರೆಗೆ ಇಡಿ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಸಿಕ್ಕರೆ ಈರುಳ್ಳಿ ಜೊತೆ ಹುರಿದು ಹಾಕಬಹುದು. ಆದರೆ ಅಣಬೆ ಗುರುತಿಸಲು ಬರುವ ಹಿರಿಯರು ನೋಡಿ ಹೂಂ ಅಂದ ಮೇಲೆ ಮಾತ್ರ.