ಡೀರ್‌ಫೀಲ್ಡಿನ ಬೇಲಿಯ ಬಗ್ಗೆ, ನಿಮ್ಮ ಕಥೆಯ ಬಗ್ಗೆ

ನಮಸ್ಕಾರ.

ನೀವು ಕಳಿಸಿದ ‘ಹಿಮದಲ್ಲಿ ನೆತ್ತರು’ ಕಥೆಯನ್ನು ಮೂರು ಸಲ ಓದಿದೆ. ಪ್ರಕಟಿಸಲು ಆಗದ ಕಥೆಗಳಿಗೆ ಸಾಮಾನ್ಯವಾಗಿ ಎರಡು ಸಾಲು ಬರೆದು ಸುಮ್ಮನಾಗುತ್ತೇನೆ. ನಿಮ್ಮದಕ್ಕೆ ಹಾಗೆ ಮಾಡಲು ಮನಸ್ಸಾಗಲಿಲ್ಲ. ಓದುತ್ತಾ ಸಿಟ್ಟು ಬಂತು, ಮುಗಿಸಿದ ಮೇಲೆ ಸಂಕಟವಾಯಿತು, ರಾತ್ರಿ ಮಲಗಿದಾಗಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಅದಕ್ಕೇ ಇಷ್ಟುದ್ದ ಪತ್ರ.

ಮೊದಲು ಒಳ್ಳೆಯ ಮಾತು. 1704ರ ಚಳಿಗಾಲದಲ್ಲಿ, ಇಂಗ್ಲಿಷರ ಮ್ಯಾಸಚೂಸೆಟ್ಸ್ ವಸಾಹತಿನ ಗಡಿಯಲ್ಲಿದ್ದ ಡೀರ್‌ಫೀಲ್ಡ್ ಎಂಬ ಪುಟ್ಟ ಊರಿನ ಮೇಲೆ ಕೆನಡಾದ ಫ್ರೆಂಚರೂ ಅವರ ಜೊತೆಗಿದ್ದ ಮೂಲನಿವಾಸಿಗಳೂ ಬೆಳಗಿನ ಜಾವ ಬಿದ್ದ ಕಥೆಯನ್ನು ಆರಿಸಿಕೊಂಡಿದ್ದೀರಿ. ಪಾದ್ರಿ ಜಾನ್ ವಿಲಿಯಮ್ಸ್, ಅವರ ಹೆಂಡತಿ, ಏಳು ವರ್ಷದ ಮಗಳು ಯೂನಿಸ್, ಈ ಮೂವರನ್ನು ಹಿಡಿದುಕೊಂಡು ಕಥೆ ಹೇಳಿದ್ದೀರಿ. ವಿಷಯ ಗಟ್ಟಿಯಾಗಿದೆ. ಭಾಷೆ ಎಲ್ಲೂ ತಡವರಿಸುವುದಿಲ್ಲ. ತಾಯಿ ನದಿ ದಾಟುವ ಪುಟ ಚೆನ್ನಾಗಿದೆ.

ಈಗ ಕೋಟೆಗೆ ಬರೋಣ. ನಿಮ್ಮ ಮೊದಲ ಸಾಲು ಹೀಗಿದೆ: “ಡೀರ್‌ಫೀಲ್ಡಿನ ಕೋಟೆ ಆಕಾಶಕ್ಕೆ ಎದೆಯೊಡ್ಡಿ ನಿಂತಿತ್ತು, ಬುರುಜುಗಳ ಮೇಲೆ ಪಂಜುಗಳು ಉರಿಯುತ್ತಿದ್ದವು.” ಈ ಸಾಲಿಗೆ ಕಲ್ಲು ಎಲ್ಲಿಂದ ಬಂತು? ಅಲ್ಲಿನ ಜನ ಅದನ್ನು ಕೋಟೆ ಅಂತಲೇ ಕರೆಯುತ್ತಿದ್ದರು, ಪದದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕನ್ನಡದ ಓದುಗರಿಗೆ ಕೋಟೆ ಅಂದ ಕೂಡಲೇ ಚಿತ್ರದುರ್ಗ ಕಣ್ಣ ಮುಂದೆ ಬರುತ್ತದೆ. ಏಳು ಸುತ್ತು, ಕಂದಕ, ಆನೆ ಬಂದು ಗುದ್ದಿದರೂ ಅಲುಗದ ಬಾಗಿಲು. ಡೀರ್‌ಫೀಲ್ಡಿನಲ್ಲಿ ಇದ್ದದ್ದು ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ನೆಲಕ್ಕೆ ಹೂಳಿ ನಿಲ್ಲಿಸಿದ ಒಂದು ಎತ್ತರದ ಬೇಲಿ. ಅದರೊಳಗೆ ಊರಿನ ಒಂದಷ್ಟು ಮನೆಗಳು. ಮಿಕ್ಕ ಮನೆಗಳು ಹೊರಗೇ ಇದ್ದವು. ಭಯದ ದಿನಗಳಲ್ಲಿ ಹೊರಗಿನವರೂ ಒಳಗೆ ಬಂದು ಇಕ್ಕಟ್ಟಿನಲ್ಲಿ ಮಲಗುತ್ತಿದ್ದರು. ಹಿಂದಿನ ಅಕ್ಟೋಬರಿನಲ್ಲಷ್ಟೇ ಬೇಲಿಯ ಹೊರಗೆ ಹೋಗಿದ್ದ ಇಬ್ಬರು ಗಂಡಸರನ್ನು ಹಿಡಿದು ಕೆನಡಾಕ್ಕೆ ಒಯ್ದಿದ್ದರು. ಹಾಗಾಗಿ ಹಗಲಲ್ಲಿ ಹೊಲಕ್ಕೆ ಹೋಗಲೂ ಹೆದರಿಕೆ. ಊರಲ್ಲಿ ಇದ್ದವರು ಕಾವಲಿನ 20 ಸೈನಿಕರನ್ನೂ ಸೇರಿಸಿ ಸುಮಾರು 290 ಜನ.

ಮುಂದೆ ನೀವು ಬರೆಯುತ್ತೀರಿ: “ಶತ್ರುಗಳು ಹೆಬ್ಬಾಗಿಲನ್ನು ಮುರಿದು ಪ್ರವಾಹದಂತೆ ನುಗ್ಗಿದರು.” ನನಗೆ ಸಿಟ್ಟು ಬಂದದ್ದು ಇಲ್ಲೇ. ಅವರು ಬಾಗಿಲು ಮುರಿಯಲಿಲ್ಲ. ಆ ವರ್ಷ ಹಿಮ ಜಾಸ್ತಿ ಬಿದ್ದಿತ್ತು. ಗಾಳಿ ಆ ಹಿಮವನ್ನು ತಂದು ತಂದು ಬೇಲಿಗೆ ಒರಗಿಸಿ, ಕೆಲವು ಕಡೆ ತುದಿ ಮುಟ್ಟುವಷ್ಟು ದಿಬ್ಬ ಮಾಡಿತ್ತು. ಬಂದವರಲ್ಲಿ ಕೆಲವರು ಆ ದಿಬ್ಬ ಹತ್ತಿ ಒಳಕ್ಕೆ ಇಳಿದರು, ಒಳಗಿನಿಂದ ಬಾಗಿಲು ತೆಗೆದರು. ಅಷ್ಟೇ. ಸದ್ದಿಲ್ಲ, ಪ್ರವಾಹ ಇಲ್ಲ. ಊರನ್ನು ಕಾಯಬೇಕಾದ ಬೇಲಿಗೆ ಆಕಾಶವೇ ಮೆಟ್ಟಿಲು ಕಟ್ಟಿಕೊಟ್ಟಿತ್ತು. ಸುಮಾರು 300 ಮೈಲಿ ದೂರದಿಂದ ಕಾಡು, ಹೆಪ್ಪುಗಟ್ಟಿದ ನದಿ ಎಲ್ಲ ನಡೆದುಕೊಂಡು ಬಂದವರು ಅವರು. ಕಾಲಿಗೆ ಸ್ನೋಶೂ, ಅಂದರೆ ಬಾಗಿಸಿದ ಕೋಲಿಗೆ ತೊಗಲಿನ ಎಳೆ ಹೆಣೆದ, ಮೊರದಷ್ಟು ಅಗಲದ ಮೆಟ್ಟು. ಊರಿನಿಂದ ಒಂದೆರಡು ಮೈಲಿ ದೂರದಲ್ಲೇ ಅದನ್ನೂ ಹೊರೆಗಳನ್ನೂ ಬಿಟ್ಟು ಬಂದರು. ಇಂಥ ಸಂಗತಿ ಕೈಯಲ್ಲಿ ಇರುವಾಗ ಹೆಬ್ಬಾಗಿಲು ಮುರಿಸಿದ್ದು ಯಾಕೆ? ನಾವು ಓದಿದ ಎಲ್ಲ ಯುದ್ಧದ ಕಥೆಗಳಲ್ಲೂ ಹೆಬ್ಬಾಗಿಲು ಮುರಿಯುತ್ತದೆ, ಅದಕ್ಕೇ ನಿಮ್ಮ ಕೈ ತಾನಾಗಿ ಅತ್ತ ಹೋಯಿತು ಅಂತ ನನ್ನ ಊಹೆ.

ಬಾಗಿಲೇ ಬೇಕಿದ್ದರೆ ಡೀರ್‌ಫೀಲ್ಡಿನಲ್ಲಿ ಒಂದು ನಿಜವಾದ ಬಾಗಿಲು ಇದೆ, ಇವತ್ತಿಗೂ ಇದೆ. ಜಾನ್ ಶೆಲ್ಡನ್ ಎಂಬುವರ ಮನೆಯದು. ದಪ್ಪ ಹಲಗೆ, ಮೈತುಂಬ ಮೊಳೆ. ಕೊಡಲಿಯಿಂದ ಕೊಚ್ಚಿದರೂ ಅದು ಒಡೆಯಲಿಲ್ಲ. ನಡುವೆ ಒಂದು ತೂತು ಮಾತ್ರ ಆಯಿತು. ಆ ತೂತಿನಿಂದ ಬಂದೂಕು ತೂರಿಸಿ ಹೊಡೆದ ಗುಂಡಿಗೆ ಶೆಲ್ಡನ್ನರ ಹೆಂಡತಿ ಹ್ಯಾನಾ ಸತ್ತರು. 1848ರಲ್ಲಿ ಆ ಮನೆಯನ್ನು ಕೆಡವಿದರೂ ಬಾಗಿಲನ್ನು ಉಳಿಸಿಕೊಂಡರು, ಈಗ ಆ ಊರಿನ ಮ್ಯೂಸಿಯಮ್ಮಿನಲ್ಲಿದೆ. ನಿಮ್ಮ ಹದಿನಾಲ್ಕು ಪುಟದಲ್ಲಿ ಆ ತೂತು ಇಲ್ಲ.

ಇನ್ನೊಂದು ಸಾಲು: “ಪಾದ್ರಿ ಖಡ್ಗ ಹಿರಿದು ಸಿಂಹದಂತೆ ಎರಗಿದ.” ಪಾದ್ರಿ ವಿಲಿಯಮ್ಸ್ ಸೆರೆಯಿಂದ ಬಿಡುಗಡೆಯಾಗಿ ಬಂದ ಮೇಲೆ, 1707ರಲ್ಲಿ, ತನಗಾದದ್ದನ್ನು ತಾನೇ ಬರೆದು ಅಚ್ಚು ಹಾಕಿಸಿದ್ದಾರೆ. ಅದರ ಪ್ರಕಾರ ಅವರು ಹಾಸಿಗೆಯ ಬಳಿ ಇದ್ದ ಪಿಸ್ತೂಲು ಎತ್ತಿ, ಮೊದಲು ಬಂದವನ ಎದೆಗೆ ಇಟ್ಟು ಟ್ರಿಗರ್ ಎಳೆದರು. ಅದು ಹಾರಲಿಲ್ಲ. ಅವರನ್ನು ಹಿಡಿದು ಕಟ್ಟಿದರು, ಸುಮಾರು ಒಂದು ಗಂಟೆ ಹೊತ್ತು ಅಂಗಿಯಲ್ಲೇ ಆ ಚಳಿಯಲ್ಲಿ ನಿಲ್ಲಿಸಿದರು. ಪಿಸ್ತೂಲು ಹಾರದೇ ಇದ್ದದ್ದರಿಂದಲೇ ತನ್ನ ಜೀವ ಉಳಿಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಮನೆಯಲ್ಲಿ ಇಬ್ಬರು ಮಕ್ಕಳು ಸಾಯುತ್ತಿದ್ದಾರೆ, ಅದರಲ್ಲಿ ಒಂದು ಆರು ವಾರದ ಕೂಸು. ಗುಲಾಮಳಾಗಿದ್ದ ಕಪ್ಪು ಹೆಂಗಸು ಪಾರ್ಥೀನಾ ಕೂಡ ಅಲ್ಲೇ ಸತ್ತಳು. ಅವರ ಇನ್ನೊಬ್ಬ ಗುಲಾಮ ಫ್ರಾಂಕ್‌ನನ್ನು ದಾರಿಯ ಮೊದಲ ರಾತ್ರಿಯೇ ಕೊಂದರು. ಈ ಇಬ್ಬರೂ ನಿಮ್ಮ ಕಥೆಯಲ್ಲಿ ಇಲ್ಲವೇ ಇಲ್ಲ. ಪಾದ್ರಿಯ ಮನೆಯಲ್ಲಿ ಗುಲಾಮರು ಇದ್ದರು ಅಂದರೆ ಓದುಗರ ಕರುಣೆ ಕಡಿಮೆಯಾಗುತ್ತದೆ ಅಂದುಕೊಂಡಿರಾ? ಆಗುವುದಿಲ್ಲ. ಕಟ್ಟಿ ನಿಲ್ಲಿಸಿದ ಆ ಮನುಷ್ಯನನ್ನು ಇನ್ನೂ ಹತ್ತಿರದಿಂದ ನೋಡುತ್ತಾರೆ, ಅಷ್ಟೇ.

ನಾನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನನಗೆ ಆಗ ಇಪ್ಪತ್ಮೂರು. ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ನೋಡುವ ಕೆಲಸ. ಅಲ್ಲಿನ ಹಿರಿಯ ಸಂಪಾದಕರ ಮೇಜಿನ ಮೇಲೆ ಒಂದು ದಿನ ನನ್ನದೇ ಕಥೆ ಇಟ್ಟೆ. ತುಂಗಭದ್ರೆಯಲ್ಲಿ ಪ್ರವಾಹ, ಮದುವೆ ದಿಬ್ಬಣ ಹರಿಗೋಲಿನಲ್ಲಿ ದಾಟುವುದು, ನಡುನೀರಿನಲ್ಲಿ ಅನಾಹುತ. ಅದರಲ್ಲಿ ಒಂದು ಸಾಲಿತ್ತು: ‘ಅಂಬಿಗ ಹರಿಗೋಲಿನ ಮೂತಿಯಲ್ಲಿ ಕೂತು ದೂರ ದಿಟ್ಟಿಸಿದ.’ ಅವರು ಆ ಒಂದು ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ನನ್ನನ್ನು ಕರೆದರು. “ಹರಿಗೋಲು ಗುಂಡಗಿರುತ್ತಲ್ಲಪ್ಪ, ಅದರ ಮೂತಿ ಎಲ್ಲಿ?” ಅಂದರು. ಬೈಯಲಿಲ್ಲ. ಭಾನುವಾರ ಹೋಗಿ ಹರಿಗೋಲಿನಲ್ಲಿ ಕೂತು ಬಾ ಅಂದರು. ಹೋದೆ. ಬಿದಿರಿನ ದಬ್ಬೆಯ ಹೆಣಿಗೆ, ಡಾಂಬರಿನ ವಾಸನೆ, ಕೂತರೆ ಮಂಡಿ ಗದ್ದಕ್ಕೆ ತಾಗುತ್ತದೆ. ಒಬ್ಬರು ಅಲುಗಿದರೆ ಎಲ್ಲರೂ ಅಲುಗಬೇಕು. ಅಂಬಿಗ ಒಂದು ಕಡೆ ಹುಟ್ಟು ಹಾಕಿದರೆ ಇಡೀ ಹರಿಗೋಲು ಬುಗುರಿಯ ಹಾಗೆ ತಿರುಗುತ್ತದೆ. ಮದುಮಗಳು ಅದರಲ್ಲಿ ಹೇಗೆ ಕೂತಿರುತ್ತಾಳೆ, ಹೆದರಿದಾಗ ಯಾರ ತೋಳು ಹಿಡಿಯುತ್ತಾಳೆ ಅನ್ನುವುದು ನನಗೆ ಅವತ್ತು ಗೊತ್ತಾಯಿತು. ಕಥೆಯನ್ನು ಪೂರ್ತಿ ಮತ್ತೆ ಬರೆದೆ. ಆ ಕೆಂಪು ಸುತ್ತಿನ ಹಾಳೆ ಈಗಲೂ ನನ್ನ ಹತ್ತಿರ ಇದೆ.

ನೀವು ಡೀರ್‌ಫೀಲ್ಡಿಗೆ ಹೋಗಬೇಕಾಗಿಲ್ಲ. 1704ಕ್ಕಂತೂ ಯಾರೂ ಹೋಗಲಾರರು. ಆದರೆ ಆ ಬೇಲಿಯ ಬುಡದಲ್ಲಿ ನಿಂತು ಹಿಮ ಎಷ್ಟು ಎತ್ತರಕ್ಕೆ ಬಂದಿದೆ ಅಂತ ಮನಸ್ಸಿನಲ್ಲಾದರೂ ಅಳೆದು ನೋಡಬೇಕಿತ್ತು.

ಎರಡನೆಯ ವಿಷಯ ಇದಕ್ಕಿಂತ ದೊಡ್ಡದು. “ಕಾಡುಜನರ ಕೇಕೆ ಮುಗಿಲು ಮುಟ್ಟಿತು” ಅಂತ ಬರೆದಿದ್ದೀರಿ. ಕಥೆಯ ಉದ್ದಕ್ಕೂ ‘ಕಾಡುಜನ’ ಹನ್ನೊಂದು ಸಲ ಬರುತ್ತದೆ, ಎಣಿಸಿದ್ದೇನೆ. ಒಂದು ಸಲವೂ ಅವರಿಗೆ ಹೆಸರಿಲ್ಲ. ಬಂದ 250ರಿಂದ 300 ಜನರಲ್ಲಿ ಐವತ್ತರ ಆಸುಪಾಸು ಫ್ರೆಂಚರು, ಅವರ ನಾಯಕ ಹರ್ಟೆಲ್ ದ ರೂವಿಲ್. ಆ ಹೆಸರು ಮಾತ್ರ ನಿಮಗೆ ಸಿಕ್ಕಿದೆ. ಮಿಕ್ಕವರು ಅಬೆನಾಕಿಗಳು, ಪೆನಾಕುಕ್‌ಗಳು, ಲೊರೆಟ್ಟಿನ ಹ್ಯುರಾನರು, ಮಾಂಟ್ರಿಯಲ್ ಹತ್ತಿರದ ಕಾನವಾಕೆ ಊರಿನ ಮೋಹಾಕರು. ಒಬ್ಬೊಬ್ಬರ ಕಾರಣ ಒಂದೊಂದು. ಫ್ರೆಂಚರಿಗೆ ಪಾದ್ರಿ ಬೇಕಿತ್ತು, ಯಾಕೆಂದರೆ ಬೋಸ್ಟನ್ ಜೈಲಿನಲ್ಲಿದ್ದ ತಮ್ಮ ಹಡಗಿನ ನಾಯಕ ಬಾಪ್ತಿಸ್ತ್ ಎಂಬುವನನ್ನು ಬಿಡಿಸಿಕೊಳ್ಳಲು ಅಷ್ಟು ಬೆಲೆಯ ಸೆರೆಯಾಳು ಬೇಕು. ಮೋಹಾಕರಲ್ಲಿ ಸತ್ತವರ ಜಾಗಕ್ಕೆ ಸೆರೆಯವರನ್ನು ತಂದು ಮಗ, ಮಗಳು ಎಂದು ಮಾಡಿಕೊಳ್ಳುವ ಪದ್ಧತಿ ಇತ್ತು. ಇನ್ನು ಅಬೆನಾಕಿಗಳ ನಡುವೆ ಇದೇ ಕಣಿವೆಯಿಂದ ಓಡಿಹೋದವರ ಮಕ್ಕಳು ಮೊಮ್ಮಕ್ಕಳೂ ಇದ್ದರು. ಡೀರ್‌ಫೀಲ್ಡ್ ಇದ್ದ ನೆಲ ಮೊದಲು ಪೊಕುಮ್‌ಟಕ್ ಜನರದ್ದು. ಅಲ್ಲಿಂದ ಕೆಲವೇ ಮೈಲಿ ದೂರದ ಜಲಪಾತದ ಹತ್ತಿರ, 1676ರ ಮೇ ತಿಂಗಳ ಒಂದು ಬೆಳಗಿನ ಜಾವ, ಮಲಗಿದ್ದ ಮೂಲನಿವಾಸಿಗಳ ಮೇಲೆ ಇಂಗ್ಲಿಷರು ಬಿದ್ದು ಹೆಂಗಸರು ಮಕ್ಕಳನ್ನು ಕೊಂದಿದ್ದರು. 28 ವರ್ಷದ ಹಿಂದಿನ ಮಾತು ಅಷ್ಟೇ. ಅದೇ ಬೆಳಗಿನ ಜಾವ, ಅದೇ ನಿದ್ದೆ. ಇದನ್ನು ಬಿಟ್ಟು ಬರೀ ಕೇಕೆ ಕೇಳಿಸಿದರೆ ಆ ಜನಕ್ಕೂ ಅನ್ಯಾಯ, ಆ ಬೆಳಿಗ್ಗೆ ಸತ್ತ ಸುಮಾರು 50 ಜನಕ್ಕೂ ಅನ್ಯಾಯ. ಯಾಕೆ ಸತ್ತರು ಅನ್ನುವುದೇ ಓದುಗರಿಗೆ ತಿಳಿಯುವುದಿಲ್ಲ.

ನಡೆಸಿಕೊಂಡು ಹೋದವರು 112 ಜನ. ಹೊರಡುವ ಮೊದಲು ಅವರ ಬೂಟು ಕಳಚಿಸಿ ಮೊಕಸಿನ್, ಅಂದರೆ ಮೆತ್ತನೆ ತೊಗಲಿನ ಮೆಟ್ಟು ಕೊಟ್ಟರು, ಹಿಮದಲ್ಲಿ ನಡೆಯಲು ಅದೇ ಸರಿ. ಹೆರಿಗೆಯಾಗಿ ಆರು ವಾರವಾಗಿದ್ದ ಯೂನಿಸಳ ತಾಯಿ ಮಾರನೆಯ ದಿನ ಗ್ರೀನ್ ನದಿ ದಾಟುವಾಗ ಬಿದ್ದರು, ನಡೆಯಲು ಆಗದ ಅವರನ್ನು ಕೊಂದರು. ನಿಮ್ಮ ಆ ಪುಟ ಚೆನ್ನಾಗಿದೆ ಅಂತ ಆಗಲೇ ಹೇಳಿದೆ. ಆದರೆ ಅದೇ ದಾರಿಯಲ್ಲಿ, ಏಳು ವರ್ಷದ ಮಗಳನ್ನು ಪೂರ್ತಿ ದಾರಿ ಹೊತ್ತುಕೊಂಡು ಹೋದರು, ತುಂಬ ಅಕ್ಕರೆಯಿಂದ ನೋಡಿಕೊಂಡರು ಅಂತ ಅವಳ ತಂದೆಯೇ ಬರೆದಿದ್ದಾರೆ. ತಾಯಿಯನ್ನು ಕೊಂದ ಗುಂಪೇ ಮಗಳನ್ನು ಹೊತ್ತಿದೆ. ಈ ಎರಡನ್ನೂ ಒಂದೇ ಪುಟದಲ್ಲಿ ಇಡುವ ಧೈರ್ಯ ನೀವು ಮಾಡಬೇಕಿತ್ತು.

ಹಾಗೆ ಮಾಡಿದ್ದರೆ ನಿಮ್ಮ ಕೊನೆಯ ಸಾಲು ಬರುತ್ತಿರಲಿಲ್ಲ: “ಯೂನಿಸ್ ಜೀವನವಿಡೀ ಮನೆಯ ದಾರಿ ನೋಡುತ್ತಾ ಬಂಧನದಲ್ಲೇ ಕಣ್ಣು ಮುಚ್ಚಿದಳು.” ಇದು ನಿಜವಲ್ಲ. ಅವಳು ಕಾನವಾಕೆಯಲ್ಲಿ ಮೋಹಾಕರ ಮಗಳಾಗಿ ಬೆಳೆದಳು, ಇಂಗ್ಲಿಷ್ ಮರೆತಳು, ಕ್ಯಾಥೊಲಿಕ್ ಆದಳು, ಅರೋಸೆನ್ ಎಂಬುವನನ್ನು ಮದುವೆಯಾದಳು. 1713ರಲ್ಲಿ ಆಲ್ಬನಿಯಿಂದ ಜಾನ್ ಸ್ಕೈಲರ್ ಎಂಬುವರು ಅವಳನ್ನು ಕರೆತರಲು ಹೋದರು. ದುಭಾಷಿಗಳ ಮೂಲಕ ಎಷ್ಟು ಕೇಳಿಕೊಂಡರೂ ಅವಳು ಬಾಯಿ ಬಿಡಲಿಲ್ಲ. ತುಂಬ ಹೊತ್ತಿನ ಮೇಲೆ ಮೋಹಾಕ್ ಭಾಷೆಯಲ್ಲಿ ಎರಡು ಪದ ಹೇಳಿದಳು. ‘ಬಹುಶಃ ಇಲ್ಲ’ ಅಂತ ಅದರ ಅರ್ಥ. ಅವಳ ತಂದೆ ಇನ್ನೊಂದು ಮದುವೆ ಆಗದಿದ್ದರೆ ಇವಳು ಯಾವತ್ತೋ ಹೋಗಿ ನೋಡಿಕೊಂಡು ಬರುತ್ತಿದ್ದಳು ಅಂತ ಗಂಡ ಹೇಳಿದ. ಮಾರನೆಯ ವರ್ಷ ತಂದೆಯೇ ಹೋಗಿ ಕರೆದರೂ ಬರಲಿಲ್ಲ. ತಂದೆ 1729ರಲ್ಲಿ ತೀರಿಕೊಂಡರು. 1740ರಲ್ಲಿ ಅವಳು ಗಂಡನ ಜೊತೆ ಅಣ್ಣ ಸ್ಟೀಫನ್‌ನ ಮನೆಗೆ ಬಂದಳು, ಅವನೂ ಹತ್ತು ವರ್ಷದವನಿದ್ದಾಗ ಅದೇ ದಾರಿಯಲ್ಲಿ ಸೆರೆಯಾಗಿ ನಡೆದವನು. ಅಣ್ಣ ತಂಗಿ ಮಾತಾಡಲು ನಡುವೆ ದುಭಾಷಿ ಬೇಕಾಯಿತು. ಆಮೇಲೂ ಕೆಲವು ಸಲ ಬಂದಳು, ಪ್ರತಿ ಸಲವೂ ತನ್ನೂರಿಗೆ ವಾಪಸ್ ಹೋದಳು. 1785ರಲ್ಲಿ, ಸುಮಾರು ತೊಂಬತ್ತರ ವಯಸ್ಸಿನಲ್ಲಿ, ಕಾನವಾಕೆಯಲ್ಲೇ ಸತ್ತಳು.

ಸಣ್ಣ ವಿಷಯ ಒಂದು: ದಾಳಿಯ ದಿನವನ್ನು ಒಂದು ಕಡೆ ಫೆಬ್ರವರಿ 29, ಇನ್ನೊಂದು ಕಡೆ ಮಾರ್ಚ್ 11 ಎಂದು ಬರೆದಿದ್ದೀರಿ. ಎರಡೂ ಸರಿ, ಇಂಗ್ಲಿಷರು ಆಗಿನ್ನೂ ಹಳೆಯ ಕ್ಯಾಲೆಂಡರಿನಲ್ಲಿದ್ದರು, ಫ್ರೆಂಚರು ಹೊಸದರಲ್ಲಿ. ಕಥೆ ಯಾರ ಕಣ್ಣಿನಿಂದ ನಡೆಯುತ್ತದೋ ಅವರ ತಾರೀಕು ಇಟ್ಟುಕೊಳ್ಳಿ.

ಕಥೆಯನ್ನು ವಾಪಸ್ ಕಳಿಸುತ್ತಿದ್ದೇನೆ. ಬುರುಜು, ಖಡ್ಗ, ಹೆಬ್ಬಾಗಿಲು ತೆಗೆಯಿರಿ. ಹನ್ನೊಂದು ‘ಕಾಡುಜನ’ರಲ್ಲಿ ಒಬ್ಬರನ್ನಾದರೂ ಹತ್ತಿರದಿಂದ ತೋರಿಸಿ, ಆ ಹುಡುಗಿಯನ್ನು ಹೊತ್ತವನನ್ನೇ ತೋರಿಸಿದರೂ ಸಾಕು. ಅವಸರ ಬೇಡ, ಎರಡು ತಿಂಗಳಾದರೂ ಪರವಾಗಿಲ್ಲ. ಬರೆದಾದ ಮೇಲೆ ನೇರವಾಗಿ ನನ್ನ ಹೆಸರಿಗೇ ಕಳಿಸಿ, ಕಾಯುತ್ತಿರುತ್ತೇನೆ.