ಒಂದೇ ಜೆರ್ಸಿ, ಇಬ್ಬರ ಆಸೆ

ಈ ತಿಂಗಳು ಉತ್ತರ ಸ್ವಲ್ಪ ಉದ್ದವಾಗಿದೆ. ಪತ್ರ ಬರೆದವರು ತೀರ್ಥಹಳ್ಳಿ ಹತ್ತಿರದ ಅಡಿಕೆ ಬೆಳೆಗಾರರು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರವನ್ನು ಕೊಂಚ ಚಿಕ್ಕದು ಮಾಡಿ ಕೊಟ್ಟಿದ್ದೇನೆ:

‘ನಮ್ಮ ಹುಡುಗ ಡಿಗ್ರಿ ಓದುತ್ತಿದ್ದಾನೆ. ಸೈಕಲ್ ಹುಚ್ಚು. ಮೊನ್ನೆ ರಾತ್ರಿ ಊಟ ಆದ ಮೇಲೆ ಮೊಬೈಲಿನಲ್ಲಿ 2012ರ ಟೂರ್ ಡಿ ಫ್ರಾನ್ಸ್‌ನ ಒಂದು ವಿಡಿಯೊ ತೋರಿಸಿದ. ಏರು ದಾರಿಯಲ್ಲಿ ಮುಂದೆ ಹೋಗುತ್ತಿದ್ದವನು ಹಿಂದೆ ತಿರುಗಿ, ತನ್ನದೇ ಟೀಮಿನವನನ್ನು ಬಾ ಬಾ ಅಂತ ಕೈ ಮಾಡಿ ಕರೆಯುತ್ತಾನೆ. ಒಬ್ಬನೇ ಹೋಗುವ ಶಕ್ತಿ ಇದ್ದರೂ ಕಾಯುತ್ತಾನೆ. ಕೊನೆಗೆ ಕಾಯಿಸಿದವನೇ ಟೂರ್ ಗೆದ್ದನಂತೆ. ಇದು ಆಟವಾ, ಮ್ಯಾಚ್ ಫಿಕ್ಸಿಂಗಾ? ಇನ್ನೊಂದು ವಿಷಯ. ಇವನು ಗೆಳೆಯರ ಜೊತೆ ಸೋಮೇಶ್ವರಕ್ಕೆ ಇಳಿದು ವಾಪಸ್ ಆಗುಂಬೆ ಘಾಟಿ ಹತ್ತಿದ. ಇವನೇ ಮೊದಲು ಮೇಲೆ ಬಂದ. ಒಬ್ಬ ಹುಡುಗ ತೀರಾ ಹಿಂದೆ ಬಿದ್ದು, ಕಾಲು ಹಿಡಿದುಕೊಂಡು ಒದ್ದಾಡಿದನಂತೆ. ಅವತ್ತಿನಿಂದ ಗೆಳೆಯರು ಇವನನ್ನು ಸ್ವಾರ್ಥಿ ಅನ್ನುತ್ತಿದ್ದಾರೆ. ಆ ಗುಂಪನ್ನೇ ಬಿಟ್ಟುಬಿಡು ಅಂದೆ. ಸರಿ ಹೇಳಿದೆನಾ?’

ನಮಸ್ಕಾರ ಸರ್.

ಮೊದಲು ಆ ವಿಡಿಯೊ. ಕೈ ಮಾಡಿ ಕರೆದವನು ಕ್ರಿಸ್ ಫ್ರೂಮ್. ಹಿಂದೆ ಬರುತ್ತಿದ್ದವನು ಬ್ರ್ಯಾಡ್ಲಿ ವಿಗಿನ್ಸ್. ಇಬ್ಬರೂ ಸ್ಕೈ ಟೀಮಿನವರು. ಪಿರನೀಸ್ ಬೆಟ್ಟಗಳಲ್ಲಿ ಪೆರಾಗೂಡ್ ಎಂಬಲ್ಲಿಗೆ ಹತ್ತಿದ ದಿನ ಅದು. ಆ ವರ್ಷ ವಿಗಿನ್ಸ್ ಗೆದ್ದ. ಫ್ರೂಮ್ 3 ನಿಮಿಷ 21 ಸೆಕೆಂಡ್ ಹಿಂದೆ ಉಳಿದು ಎರಡನೆಯವನಾದ. ನಿಮ್ಮ ಕಣ್ಣಿಗೆ ಕಂಡದ್ದು ನಿಜ. ಬೆಟ್ಟದಲ್ಲಿ ಅವತ್ತು ಫ್ರೂಮನೇ ಜಾಸ್ತಿ ಗಟ್ಟಿ ಇದ್ದ. ಆದರೆ ಅದು ಫಿಕ್ಸಿಂಗ್ ಅಲ್ಲ.

1999ರ ಫೆಬ್ರವರಿಯ ದೆಹಲಿ ಟೆಸ್ಟ್ ನಿಮಗೆ ನೆನಪಿರುತ್ತದೆ. ಕುಂಬ್ಳೆ ಪಾಕಿಸ್ತಾನದ ಒಂಬತ್ತು ವಿಕೆಟ್ ತೆಗೆದಾಗಿತ್ತು. ಹತ್ತನೆಯದೂ ಅವರಿಗೇ ಸಿಗಲಿ ಅಂತ, ಇನ್ನೊಂದು ತುದಿಯಿಂದ ಶ್ರೀನಾಥ್ ಬೇಕಂತಲೇ ಸ್ಟಂಪಿನಿಂದ ದೂರ ದೂರ ಬಾಲ್ ಹಾಕಿದರು. 74 ರನ್ನಿಗೆ 10 ವಿಕೆಟ್ ಆಯಿತು. ಬೌಲರ್ ಒಬ್ಬ ವಿಕೆಟ್ ಬೇಡ ಅಂತ ಬೌಲ್ ಮಾಡಿದ್ದನ್ನು ನಾವ್ಯಾರೂ ಮೋಸ ಅನ್ನಲಿಲ್ಲ, ಅಲ್ವಾ? ಎದುರಾಳಿಗೆ ಲಾಭ ಆಗಲಿ ಅಂತ ದುಡ್ಡು ತಿಂದು ಸೋತರೆ ಅದು ಫಿಕ್ಸಿಂಗ್. ಸೈಕಲ್ ರೇಸಿನಲ್ಲಿ ಶ್ರೀನಾಥ್ ಮಾಡಿದ ಕೆಲಸವನ್ನು ಮೂರು ವಾರ ದಿನವೂ ಮಾಡುವವರಿದ್ದಾರೆ.

ಟೂರ್ ಅಂದರೆ 21 ಹಂತ, ಸುಮಾರು 3,400 ಕಿಲೋಮೀಟರ್. ದಿನಕ್ಕೊಂದು ಹಂತ, ಎಲ್ಲ ಹಂತಗಳ ಒಟ್ಟು ಸಮಯ ಯಾರದು ಕಡಿಮೆಯೋ ಅವನು ಟೂರ್ ಗೆದ್ದ ಹಾಗೆ. ಈಗ ಒಂದು ಟೀಮಿಗೆ 8 ಜನ, 2012ರಲ್ಲಿ 9 ಜನ ಇದ್ದರು. ಬಯಲಿನಲ್ಲಿ ಜೋರಾಗಿ ಹೋಗುವಾಗ ಸವಾರನನ್ನು ಸುಸ್ತು ಮಾಡುವುದು ಗಾಳಿ. ಮುಂದಿನವನ ಚಕ್ರದ ಹಿಂದೆಯೇ ಹೋದರೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತದೆ. ಹಾಗಾಗಿ ಟೀಮಿನವರು ಸರದಿಯಲ್ಲಿ ಮುಂದೆ ಬಂದು ಗಾಳಿಗೆ ಎದೆ ಕೊಡುತ್ತಾರೆ. ನಾಯಕ ಹಿಂದೆ ತಣ್ಣಗೆ ಬರುತ್ತಾನೆ. ಹಿಂದಿನ ಕಾರಿಗೆ ಹೋಗಿ ಎಲ್ಲರಿಗೂ ನೀರಿನ ಬಾಟಲಿ ತರುವುದೂ ಇವರದೇ ಕೆಲಸ. ಅದಕ್ಕೆ ಸಂಬಳ ಇದೆ. ಟೂರ್ ಗೆದ್ದವನಿಗೆ ಸಿಗುವ 5 ಲಕ್ಷ ಯೂರೋ ಬಹುಮಾನವನ್ನೂ ಟೀಮಿನವರೆಲ್ಲ ಹಂಚಿಕೊಳ್ಳುವುದು ವಾಡಿಕೆ. ನಿಮ್ಮ ತೋಟದಲ್ಲಿ ಕೊನೆಗೌಡ ಮರದ ಮೇಲಿರುತ್ತಾನೆ, ಕೆಳಗೊಬ್ಬ ಹಗ್ಗ ಹಿಡಿದು ಕೊನೆ ಇಳಿಸಿಕೊಳ್ಳುತ್ತಾನೆ. ಕೆಳಗಿದ್ದವನು ಸೋತ ಅಂತ ನೀವು ಹೇಳುವುದಿಲ್ಲವಲ್ಲ.

ಹಾಗಂತ ಇದನ್ನೆಲ್ಲ ನಗುನಗುತ್ತಾ ಮಾಡುತ್ತಾರೆ ಅಂತಲ್ಲ. 1934ರಲ್ಲಿ ಫ್ರಾನ್ಸ್ ತಂಡದ ರೆನೆ ವಿಯೆಟ್ಟೊಗೆ ಇಪ್ಪತ್ತೇ ವರ್ಷ. ಬೆಟ್ಟದಲ್ಲಿ ಅವನ ಸರಿಸಮಕ್ಕೆ ಹತ್ತುವವರು ಕಡಿಮೆ. ಒಂದು ಇಳಿಜಾರಿನಲ್ಲಿ ನಾಯಕ ಅಂಟೋನಿನ್ ಮಾಞ್‌ನ ಚಕ್ರ ಹಾಳಾಯಿತು. ಹುಡುಗ ತನ್ನ ಮುಂದಿನ ಚಕ್ರ ಬಿಚ್ಚಿ ಕೊಟ್ಟ. ಆಮೇಲೆ ರಸ್ತೆ ಪಕ್ಕದ ಮೋಟುಗೋಡೆ ಮೇಲೆ ಅಳುತ್ತಾ ಕೂತ. ಆ ಫೋಟೊ ಇವತ್ತಿಗೂ ಓಡಾಡುತ್ತಿದೆ. ಮಾರನೇ ದಿನ ಮಾಞ್‌ಗೆ ಮತ್ತೆ ತೊಂದರೆ ಆಯಿತು. ಹುಡುಗ ಮುಂದೆ ಹೋಗಿದ್ದವನು ವಾಪಸ್ ತಿರುಗಿ ಬಂದು ಈ ಸಲ ಸೈಕಲ್ಲನ್ನೇ ಕೊಟ್ಟ. ಮಾಞ್ ಟೂರ್ ಗೆದ್ದ. ವಿಯೆಟ್ಟೊ ಐದನೆಯವನಾದ. ಮುಂದೆ ಅವನಿಗೆ ಟೂರ್ ಗೆಲ್ಲಲು ಆಗಲೇ ಇಲ್ಲ.

ನಿಮ್ಮ ಅನುಮಾನದಲ್ಲಿ ನಿಜವೂ ಇದೆ. ಕಾಯುವವನಿಗೂ ಆಸೆ ಇರುತ್ತದೆ. ಅದು ಹೊರಬೀಳುವುದು ಏರಿನಲ್ಲೇ. ವೇಗ ಕಡಿಮೆಯಾದಾಗ ಗಾಳಿಯ ಲೆಕ್ಕವೂ ಕಡಿಮೆಯಾಗುತ್ತದೆ. ಇನ್ನೊಬ್ಬನ ಬೆನ್ನ ಹಿಂದೆ ಅಡಗಿ ಉಳಿಸಿಕೊಳ್ಳುವುದು ಅಲ್ಲಿ ಹೆಚ್ಚೇನೂ ಇಲ್ಲ. ಯಾರ ಕಾಲಿನಲ್ಲಿ ಎಷ್ಟಿದೆ ಅಂತ ಎಲ್ಲರಿಗೂ ಕಾಣುತ್ತದೆ, ಟೀಮಿನೊಳಗಿನವರಿಗೂ. ಅದೇ 2012ರಲ್ಲಿ ಲಾ ಟೂಸ್ಯೂರ್ ಎಂಬ ಏರಿನಲ್ಲಿ ಫ್ರೂಮ್ ಒಮ್ಮೆ ವಿಗಿನ್ಸ್‌ನನ್ನು ಬಿಟ್ಟು ಮುಂದೆ ಹೋಗಿಯೇಬಿಟ್ಟಿದ್ದ. ಕಿವಿಯಲ್ಲಿದ್ದ ರೇಡಿಯೊದಲ್ಲಿ ಮಾತು ಬಂತು, ನಿಂತ. ಮರುವರ್ಷ ಅವನೇ ನಾಯಕನಾದ, ಟೂರ್ ಗೆದ್ದ. ಒಟ್ಟು ನಾಲ್ಕು ಸಲ ಗೆದ್ದ. ಅವನಿಗೆ ಅನ್ಯಾಯ ಆಯಿತು ಅಂತ ನನಗೆ ಅನ್ನಿಸುವುದಿಲ್ಲ. ಯಾರು ನಾಯಕ ಅಂತ ಹೊರಡುವ ಮೊದಲೇ ಎಲ್ಲರಿಗೂ ಗೊತ್ತಿತ್ತು.

ಗೊತ್ತಿಲ್ಲದೆ ಇದ್ದರೆ, ಅಥವಾ ಗೊತ್ತಿದ್ದೂ ಮಾತು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ 1985 ಮತ್ತು 1986ರ ಕತೆ ಹೇಳಬೇಕು. ನನಗೆ ಈ ಆಟದಲ್ಲಿ ಅತಿ ಇಷ್ಟದ ಕತೆ ಅದು. ಸ್ವಲ್ಪ ತಾಳ್ಮೆ ಇರಲಿ.

ಲಾ ವಿ ಕ್ಲೇರ್ ಅಂತ ಒಂದು ಟೀಮ್. ನಾಯಕ ಫ್ರಾನ್ಸಿನ ಬರ್ನಾರ್ ಇನೋ. ಆಗಲೇ ನಾಲ್ಕು ಟೂರ್ ಗೆದ್ದಿದ್ದ, ಹಠಮಾರಿ. ಜೊತೆಗೆ ಅಮೆರಿಕದ ಯುವಕ ಗ್ರೆಗ್ ಲೆಮಾಂಡ್. 1985ರ ಟೂರಿನ ನಡುವೆ ಇನೋ ಬಿದ್ದು ಮೂಗು ಮುರಿದುಕೊಂಡ. ಲೂಜ್ ಆರ್ಡಿಡೆನ್ ಬೆಟ್ಟದ ದಿನ ಅವನು ಹಿಂದೆ ಬಿದ್ದ. ಲೆಮಾಂಡ್ ಐರ್ಲೆಂಡಿನ ಸ್ಟೀಫನ್ ರೋಶ್ ಜೊತೆ ಮುಂದೆ ಇದ್ದ. ಗೆಲ್ಲುವ ಅವಕಾಶ ಕೈಗೆ ಬಂದಿತ್ತು. ಟೀಮಿನ ಕಾರಿನವರು ಬಂದು, ರೋಶ್ ಜೊತೆ ಸೇರಿ ತುಳಿಯಬೇಡ, ಇನೋ ಹತ್ತಿರದಲ್ಲೇ ಇದ್ದಾನೆ ಎಂದರು. ಇನೋ ಇದ್ದದ್ದು ನಿಮಿಷಗಟ್ಟಲೆ ಹಿಂದೆ. ಲೆಮಾಂಡ್ ಮಾತು ಕೇಳಿ ನಿಧಾನ ಮಾಡಿದ. ಇನೋ ಐದನೇ ಟೂರ್ ಗೆದ್ದ. ಲೆಮಾಂಡ್ 1 ನಿಮಿಷ 42 ಸೆಕೆಂಡ್ ಹಿಂದೆ ಎರಡನೆಯವನಾದ. ಮುಂದಿನ ವರ್ಷ ನಾನು ನಿನಗೋಸ್ಕರ ತುಳಿಯುತ್ತೇನೆ ಅಂತ ಇನೋ ಎಲ್ಲರೆದುರು ಮಾತು ಕೊಟ್ಟ.

ಮುಂದಿನ ವರ್ಷ ಬಂತು. ಆರನೇ ಟೂರ್ ಗೆದ್ದರೆ ಯಾರೂ ಮುಟ್ಟದ ದಾಖಲೆ. ಪೋ ಊರಿಗೆ ಹೋಗುವ ದಿನ ಇನೋ ಬೇರೆ ಟೀಮಿನ ಪೆಡ್ರೊ ಡೆಲ್ಗಾಡೊ ಜೊತೆ ಓಡಿಹೋಗಿ ಲೆಮಾಂಡ್ ಮೇಲೆ ನಾಲ್ಕೂವರೆ ನಿಮಿಷ ಗಳಿಸಿದ. ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿರುವವನು ತೊಡುವ ಹಳದಿ ಜೆರ್ಸಿ ತೊಟ್ಟ. ಮಾರನೇ ದಿನ ಮತ್ತೆ ಒಬ್ಬನೇ ಹೊರಟ, ಸುಸ್ತಾದ, ಗಳಿಸಿದ್ದರಲ್ಲಿ ಬಹುಪಾಲು ಕಳೆದುಕೊಂಡ. ಕೇಳಿದರೆ, ಎದುರಾಳಿಗಳನ್ನು ಸುಸ್ತು ಮಾಡಿ ಲೆಮಾಂಡ್‌ಗೆ ಸಹಾಯ ಮಾಡುತ್ತಿದ್ದೇನೆ ಎಂದ. ಟೀಮಿನೊಳಗೆ ಎರಡು ಬಣ ಆಯಿತು. ಅಮೆರಿಕದ ಹ್ಯಾಂಪ್‌ಸ್ಟನ್, ಕೆನಡಾದ ಬಾವರ್ ಥರದವರು ಲೆಮಾಂಡ್ ಕಡೆ, ಫ್ರಾನ್ಸಿನವರು ಇನೋ ಕಡೆ. ಕೊನೆಗೆ ಬೆಟ್ಟಗಳಲ್ಲಿ ಲೆಮಾಂಡ್ ಜೆರ್ಸಿ ಕಿತ್ತುಕೊಂಡ. ಆಲ್ಪ್ ದ್ಯುಯೆಜ್ ಏರಿನಲ್ಲಿ, ನಮ್ಮ ಆಗುಂಬೆಗೆ 14 ತಿರುವಾದರೆ ಅಲ್ಲಿ 21, ಇಬ್ಬರೂ ಒಟ್ಟಿಗೆ ಹತ್ತಿದರು. ಕೈ ಕೈ ಹಿಡಿದು ಗೆರೆ ದಾಟಿದರು. ಫೋಟೊ ನೋಡಿದರೆ ಅಣ್ಣ ತಮ್ಮ ಅನ್ನಬೇಕು. ಅಷ್ಟರಲ್ಲೇ ಟಿವಿಯವರ ಮುಂದೆ ಇನೋ, ರೇಸ್ ಇನ್ನೂ ಮುಗಿದಿಲ್ಲ ಅನ್ನುವ ಧಾಟಿಯಲ್ಲೇ ಮಾತಾಡಿದ. ಲೆಮಾಂಡ್ 3 ನಿಮಿಷ 10 ಸೆಕೆಂಡಿನಿಂದ ಗೆದ್ದ. ಟೂರ್ ಗೆದ್ದ ಮೊದಲ ಅಮೆರಿಕನ್ ಅವನು.

ಇನೋ ಮುನ್ನುಗ್ಗಿದ್ದಕ್ಕೆ ನನಗೇನೂ ಸಿಟ್ಟಿಲ್ಲ. ಆರನೆಯದು ನನಗೂ ಬೇಕು ಅಂತ ಜುಲೈ ಮೊದಲ ದಿನವೇ ಹೇಳಿದ್ದರೆ ಲೆಮಾಂಡ್ ಎಚ್ಚರದಿಂದ ಇರುತ್ತಿದ್ದ, ಟೀಮಿನವರೂ ತಮ್ಮ ದಾರಿ ನೋಡಿಕೊಳ್ಳುತ್ತಿದ್ದರು. ಮಾತು ಕೊಟ್ಟು, ಮುರಿದು, ಮುರಿದದ್ದನ್ನೇ ಸಹಾಯ ಅಂತ ಕರೆದನಲ್ಲ, ಅದು ಹಿಡಿಸುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಹಿಂದಿನ ವರ್ಷ ಕಾರಿನಿಂದ ಬಂದ ಆ ಸುಳ್ಳು.

ಇಟಲಿಯ ಕೊಪ್ಪಿ ಮತ್ತು ಬಾರ್ತಲಿ ಇನ್ನೊಂದು ಬಗೆ. ಇವರಿಬ್ಬರ ನಡುವೆ ಮುಚ್ಚುಮರೆಯೇ ಇರಲಿಲ್ಲ. 1948ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದೇ ದೇಶದ ಜೆರ್ಸಿ ತೊಟ್ಟು, ನೀನು ಗೆಲ್ಲಬಾರದು ಅಂತ ಒಬ್ಬರನ್ನೊಬ್ಬರು ಕಾಯುತ್ತಾ ಕೂತು, ಇಬ್ಬರೂ ರೇಸ್ ಬಿಟ್ಟು ಹೋದರು. ಮರುವರ್ಷ ಟೂರಿಗೆ ಇಬ್ಬರನ್ನೂ ಒಟ್ಟಿಗೆ ಕರೆದೊಯ್ಯುವ ಕಷ್ಟ ಮ್ಯಾನೇಜರ್ ಆಲ್ಫ್ರೆಡೊ ಬಿಂಡಾ ತಲೆಗೆ ಬಂತು. ಬಾರ್ತಲಿಯ 35ನೇ ಹುಟ್ಟುಹಬ್ಬದ ದಿನ ಇಬ್ಬರೂ ಜೊತೆಯಾಗಿ ಬೆಟ್ಟ ದಾಟಿದರು. ಕೊಪ್ಪಿ ಆ ದಿನದ ಗೆಲುವನ್ನು ಅವನಿಗೆ ಬಿಟ್ಟ. ಮಾರನೇ ದಿನ ಬಾರ್ತಲಿ ಪಂಕ್ಚರ್ ಆಗಿ, ಬಿದ್ದು ಹಿಂದುಳಿದ. ಕೊಪ್ಪಿ ಕಾದ. ಇನ್ನು ನೀನು ಹೋಗು ಅಂತ ಬಿಂಡಾ ಹೇಳಿದ ಮೇಲೆ ಹೋದ, ಟೂರ್ ಗೆದ್ದ, ಬಾರ್ತಲಿ ಎರಡನೆಯವನಾದ. ಒಬ್ಬರನ್ನೊಬ್ಬರು ಕಂಡರಾಗದವರು ಕೂಡ ಟೀಮ್ ನಡೆಸಬಹುದು, ಯಾರ ಮಾತು ಕೊನೆ ಮಾತು ಅನ್ನುವುದು ಗಟ್ಟಿ ಇದ್ದರೆ.

ತೀರಾ ಹಳೇ ಕಾಲದ್ದೇ ಹೇಳುತ್ತಿದ್ದೇನೆ ಅಂತ ನಿಮ್ಮ ಮಗ ಅನ್ನಬಹುದು. ಅವನಿಗೆ 2023ರ ಸ್ಪೇನ್ ಪ್ರವಾಸ, ಅಂದರೆ ವುವೆಲ್ಟಾ ರೇಸ್, ಗೊತ್ತಿರುತ್ತದೆ. ಸೆಪ್ ಕುಸ್ ಅನ್ನುವವನು ಅದೇ ವರ್ಷ ರೋಗ್ಲಿಚ್ ಇಟಲಿಯಲ್ಲಿ ಗೆಲ್ಲಲು, ವಿಂಗೆಗಾರ್ಡ್ ಫ್ರಾನ್ಸಿನಲ್ಲಿ ಗೆಲ್ಲಲು ಬೆಟ್ಟಗಳಲ್ಲಿ ಬೆವರು ಸುರಿಸಿದ್ದ. ಸ್ಪೇನಿನಲ್ಲಿ ನಾಯಕನ ಜೆರ್ಸಿ ಅವನ ಮೈಮೇಲೇ ಬಂತು. ಆಂಗ್ಲಿರು ಎಂಬ ಕಡಿದಾದ ಏರಿನಲ್ಲಿ ಅವನ ಟೀಮಿನ ಅದೇ ಇಬ್ಬರು ಅವನನ್ನು ಬಿಟ್ಟು ಮುಂದೆ ಹೋದರು! ಬೇರೆ ಟೀಮಿನ ಮಿಕೆಲ್ ಲಂಡಾ ತನ್ನ ಸ್ಥಾನಕ್ಕೋಸ್ಕರ ತುಳಿಯುತ್ತಿದ್ದ. ಕುಸ್ ಅವನ ಚಕ್ರ ಹಿಡಿದು ಬಂದ. ದಿನದ ಕೊನೆಗೆ ಅವನ ಬಳಿ ಉಳಿದದ್ದು 8 ಸೆಕೆಂಡ್. ನೋಡಿದವರೆಲ್ಲ ಕೆರಳಿದರು. ಆಮೇಲೆ ಟೀಮಿನವರು ಕೂತು ಮಾತಾಡಿ, ಇನ್ನು ಕುಸ್‌ಗೇ ಕಾವಲು ಎಂದರು. ಅವನು ಗೆದ್ದ. 17 ಸೆಕೆಂಡ್ ಹಿಂದೆ ವಿಂಗೆಗಾರ್ಡ್, ಮೂರನೆಯವನು ರೋಗ್ಲಿಚ್. ಆ ಕೆಲಸವನ್ನು ಒಂದು ವಾರ ಮೊದಲೇ ಮಾಡಬಹುದಿತ್ತು ಅನ್ನುವುದು ನನ್ನ ದೂರು. ಮೂವರನ್ನೂ ಸಮಾಧಾನ ಮಾಡಲು ಹೋಗಿ ಯಾರಿಗೂ ಏನೂ ಹೇಳದೆ ಬಿಟ್ಟಿದ್ದರು.

ನಿಷ್ಠೆಯೇ ತಪ್ಪಾಗುವ ಜಾಗವೂ ಇದೆ. ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ನಿಷೇಧಿತ ಮದ್ದು ತೆಗೆದುಕೊಳ್ಳುತ್ತಿದ್ದದ್ದು ಟೀಮಿನ ಹಲವರಿಗೆ ಗೊತ್ತಿತ್ತು. ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. ಕೊನೆಗೆ ಅವನ 11 ಮಂದಿ ಹಳೇ ಜೊತೆಗಾರರು ಸಾಕ್ಷಿ ಹೇಳಿದ ಮೇಲೆ, 2012ರಲ್ಲಿ, ಅವನ ಏಳೂ ಟೂರ್ ಗೆಲುವುಗಳು ಹೋದವು. ಅವರನ್ನು ಬೆನ್ನಿಗೆ ಚೂರಿ ಹಾಕಿದವರು ಅಂತ ಬೈದವರಿದ್ದಾರೆ. ತಡವಾಗಿ ಬಾಯಿ ಬಿಟ್ಟಿರಿ ಅಂತ ಬೈದಿದ್ದರೆ ಒಪ್ಪುತ್ತಿದ್ದೆ.

ಈಗ ನಿಮ್ಮ ಹುಡುಗ. ಅವನ ಗುಂಪಿನಲ್ಲಿ ನಾಯಕ ಯಾರೂ ಇಲ್ಲ, ಸಂಬಳ ಕೊಡುವವರೂ ಇಲ್ಲ. ಹಾಗಿದ್ದಾಗ ಮೊದಲು ಮೇಲೆ ಮುಟ್ಟಿದ್ದು ತಪ್ಪಾಗುವುದು ಹೇಗೆ? ಅಂಥ ಏರಿನಲ್ಲಿ ಇನ್ನೊಬ್ಬನ ವೇಗಕ್ಕೆ ತುಳಿಯುವುದು ಇಬ್ಬರಿಗೂ ಹಿಂಸೆ. ನಮ್ಮ ಹುಡುಗರು ಘಾಟಿ ಹತ್ತುವ ವೇಗಕ್ಕೆ ಗಾಳಿ ತಡೆಯುವ ಮಾತೂ ಇಲ್ಲ. ಇವನು ಮುಂದೆ ನಿಂತು ಎಳೆದಿದ್ದರೂ ಆ ಹುಡುಗನಿಗೆ ಏನೂ ಉಳಿಯುತ್ತಿರಲಿಲ್ಲ.

ಆದರೆ ಮೇಲೆ ಬಂದ ಮೇಲೆ ಇವನು ಏನು ಮಾಡಿದ ಅಂತ ನೀವು ಬರೆದಿಲ್ಲ. ಸನ್‌ಸೆಟ್ ಪಾಯಿಂಟ್ ಹತ್ತಿರ ಸೈಕಲ್ ಒರಗಿಸಿ ಕಾದನಾ, ಇಲ್ಲ ಸುಮ್ನೆ ತೀರ್ಥಹಳ್ಳಿ ಕಡೆ ಹೊರಟುಬಿಟ್ಟನಾ? ಕಾದಿದ್ದರೆ ಗೆಳೆಯರ ಸಿಟ್ಟು ನಾಲ್ಕು ದಿನದ್ದು. ಕಾಲು ಹಿಡಿದುಕೊಂಡು ಒದ್ದಾಡುತ್ತಿದ್ದವನನ್ನು ಕಾಡಿನ ರಸ್ತೆಯಲ್ಲಿ ಬಿಟ್ಟು ಮನೆಗೆ ಬಂದಿದ್ದರೆ ಇವನೇ ಹೋಗಿ ಮಾತಾಡಿಸಬೇಕು. ಮೊದಲು ಅದನ್ನು ಕೇಳಿ.

ಗುಂಪು ಬಿಡು ಅಂದದ್ದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಹೊರಡುವ ಮುಂಚೆ ಟೀ ಅಂಗಡಿಯಲ್ಲೇ ಮಾತಾಡಿಕೊಳ್ಳಲಿ: ಇವತ್ತು ಒಟ್ಟಿಗೆ ಹೋಗುವುದಾ, ಇಲ್ಲ ಘಾಟಿಯಲ್ಲಿ ಅವರವರ ಶಕ್ತಿ ನೋಡುವುದಾ ಅಂತ. ಒಟ್ಟಿಗೆ ಅಂದ ದಿನ ಒಟ್ಟಿಗೆ. ಇನ್ನೊಂದು ದಿನ ಯಾರು ಬೇಕಾದರೂ ಮೊದಲು ಹತ್ತಲಿ, ಮೇಲೆ ಎಲ್ಲರೂ ಬರುವ ತನಕ ನಿಲ್ಲಲಿ. ನಿಜವಾದ ರೇಸಿನ ಆಸೆ ಇದ್ದರೆ ವಿಜಯಪುರ, ಬಾಗಲಕೋಟೆ ಕಡೆ ಒಮ್ಮೆ ಕಳಿಸಿ. ನಮ್ಮ ರಾಜ್ಯದಲ್ಲಿ ಸೈಕ್ಲಿಂಗ್ ಬೇರು ಬಿಟ್ಟಿರುವುದು ಅಲ್ಲಿ. ಅಲ್ಲಿನ ಹುಡುಗರ ಹಿಂದೆ ಒಂದು ಬೆಳಗ್ಗೆ ತುಳಿದರೆ ತಾನೆಷ್ಟು ಗಟ್ಟಿ ಅಂತ ಇವನಿಗೇ ಗೊತ್ತಾಗುತ್ತದೆ.

ಮತ್ತೆ, ಮಳೆಗಾಲದಲ್ಲಿ ಸೋಮೇಶ್ವರದ ಕಡೆ ಇಳಿಯುವಾಗ ಮಾತ್ರ ಯಾವ ಪೈಪೋಟಿಯೂ ಬೇಡ ಅನ್ನಿ. ಮಂಜಿನಲ್ಲಿ ಎದುರಿನ ಬಸ್ಸು ತಿರುವಿಗೆ ಬರುವ ತನಕ ಕಾಣುವುದಿಲ್ಲ. ಬ್ರೇಕ್ ಪ್ಯಾಡ್ ನೋಡಿಕೊಳ್ಳಲಿ, ಹಿಂದೆ ಕೆಂಪು ಲೈಟ್ ಹಾಕಿಸಿ.

— ಸಂಪಾದಕ